ಯಂತ್ರಮಾನವನ ನಂಬರನ್ನು ಓದುವವರು ಯಾರು?

ನಮ್ಮ ವಿಜ್ಞಾನ ಕಥೆಗಳಲ್ಲಿ ಯಂತ್ರಮಾನವರಿಗೆ ನಂಬರು ಕೊಡುವ ಕೆಲಸ ಎರಡು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಒಂದು ಇಂಗ್ಲಿಷ್ ಅಕ್ಷರ, ಒಂದು ಅಡ್ಡಗೆರೆ, ಒಂದು ಅಂಕಿ: ಎಕ್ಸ್-9, ಝಡ್-21, ಆಲ್ಫಾ-7. ಕಥೆಯ ಕೊನೆಗೆ ಯಾರೋ ಒಬ್ಬ ಕರುಣಾಳು, ಹೆಚ್ಚಾಗಿ ಒಂದು ಮಗು, ಬಂದು ಆ ಯಂತ್ರಕ್ಕೆ ಹೆಸರಿಡುತ್ತದೆ. ಹೆಸರು ಸಿಕ್ಕ ಕೂಡಲೇ ಯಂತ್ರಕ್ಕೆ ಮನಸ್ಸು ಬರುತ್ತದೆ, ಓದುಗರಿಗೆ ಕಣ್ಣೀರು ಬರಬೇಕು. ವಿಚಾರ ಸಂಕಿರಣಗಳಲ್ಲಿ ಇಂಥ ಕಥೆಗಳ ಬಗ್ಗೆ ಮಾತಾಡುವವರೂ ಇದನ್ನೇ ಮುಂದುವರಿಸುತ್ತಾರೆ: ಸಂಖ್ಯೆ ಎಂದರೆ ಅಮಾನವೀಕರಣ, ಹೆಸರು ಎಂದರೆ ಬಿಡುಗಡೆ.

ನನ್ನ ತಕರಾರು ಈ ಸೂತ್ರದ ಬಗ್ಗೆಯೇ. ಇದು ಎಲ್ಲಿಂದಲೋ ಎತ್ತಿಕೊಂಡು ಬಂದ ಸೂತ್ರ. ನಮ್ಮ ಅನುಭವದ ಎದುರು ಇಟ್ಟು ನೋಡಿದರೆ ನಿಲ್ಲುವುದಿಲ್ಲ. ತಯಾರಾದ ಜೀವಿಗಳಿರುವ ಜಗತ್ತೊಂದನ್ನು ಕಟ್ಟುವ ಲೇಖಕರು ಆ ಜೀವಿಗಳ ನಂಬರಿನ ವ್ಯವಸ್ಥೆಯನ್ನು ಕೂತು ರೂಪಿಸಬೇಕು. ಆ ನಂಬರಿನಲ್ಲಿ ಏನು ಬರೆದಿದೆ, ಅದನ್ನು ಎಲ್ಲಿ ಬರೆದಿದೆ, ಯಾರು ಅದನ್ನು ಓದಬಲ್ಲರು? ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳದ ಕಥೆ ತಾನೇ ಕಟ್ಟಿದ ಜಗತ್ತಿನ ರಾಜಕೀಯದಿಂದ ತಪ್ಪಿಸಿಕೊಂಡು ಓಡುತ್ತಿದೆ ಎಂದು ನನಗೆ ಅನಿಸುತ್ತದೆ.

ಚೆನ್ನಾಗಿ ರೂಪಿಸಿದ ನಂಬರು ಹೇಗಿರುತ್ತದೆ ಎನ್ನುವುದಕ್ಕೆ 1982ರ 'ಬ್ಲೇಡ್ ರನ್ನರ್' ಸಿನಿಮಾ ನೋಡಿ. ಅದರಲ್ಲಿ ರಾಯ್ ಬ್ಯಾಟಿ ಎಂಬ ರೆಪ್ಲಿಕೆಂಟ್, ಅಂದರೆ ಕಂಪನಿಯೊಂದು ತಯಾರಿಸಿದ ಮನುಷ್ಯರೂಪಿ, ಇದ್ದಾನೆ. ಪೊಲೀಸರ ಪರದೆಯ ಮೇಲೆ ಅವನ ನಂಬರು ಕ್ಷಣಕಾಲ ಕಾಣಿಸುತ್ತದೆ: ಎನ್6-ಎಂ-ಎ-ಎ-10816. ಬಿಡಿಸಿ ಓದಿದರೆ ಇಡೀ ಜಾತಕವೇ ಸಿಗುತ್ತದೆ. ಎನ್6 ಎಂದರೆ ನೆಕ್ಸಸ್-6 ಮಾದರಿ. ಎಂ ಎಂದರೆ ಗಂಡು. ಮೊದಲ ಎ ದೈಹಿಕ ದರ್ಜೆ, ಎರಡನೆಯ ಎ ಬುದ್ಧಿಯ ದರ್ಜೆ. ಉಳಿದ ಅಂಕಿಗಳು ಅವನು ಚಾಲನೆಗೆ ಬಂದ ದಿನ, 2016ರ ಜನವರಿ 8. ಅವನ ಜೊತೆಗಾರ ಲಿಯೋನ್‌ನ ನಂಬರಿನಲ್ಲಿ ಬುದ್ಧಿಯ ಜಾಗದಲ್ಲಿ ಸಿ ಇದೆ. ಈ ಮಾದರಿಗೆ ನಾಲ್ಕೇ ವರ್ಷ ಆಯಸ್ಸು. ಹಾಗಾಗಿ ಈ ನಂಬರು ಓದಲು ಬರುವ ಯಾವ ಪೊಲೀಸನಾದರೂ ಬ್ಯಾಟಿ ಎಂದು ಸಾಯುತ್ತಾನೆ ಎಂದು ಲೆಕ್ಕ ಹಾಕಬಹುದು. ತನ್ನನ್ನು ಮಾಡಿದವನ ಬಳಿ ಹೋಗಿ ಇನ್ನಷ್ಟು ಆಯಸ್ಸು ಕೊಡು ಎಂದು ಬ್ಯಾಟಿ ಕೇಳುವ ದೃಶ್ಯದ ಸಂಕಟವೆಲ್ಲ ಈ ಹತ್ತು ಅಕ್ಷರ-ಅಂಕಿಗಳ ಒಳಗೆ ಆಗಲೇ ಇದೆ.

ಇದು ನಮಗೆ ಅಪರಿಚಿತವೆ? ಕರ್ನಾಟಕದಲ್ಲಿ ಎಂಜಿನಿಯರಿಂಗ್ ಓದಿದವರು ತಮ್ಮ ಯು.ಎಸ್.ಎನ್. ನೆನಪಿಸಿಕೊಳ್ಳಲಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಈ ನಂಬರಿಗೂ ಹತ್ತೇ ಸ್ಥಾನಗಳು. ಮೊದಲ ಅಂಕಿ ಪ್ರದೇಶ: 1 ಎಂದರೆ ಬೆಂಗಳೂರು, 2 ಬೆಳಗಾವಿ, 3 ಕಲಬುರಗಿ, 4 ಮೈಸೂರು. ಆಮೇಲೆ ಎರಡು ಅಕ್ಷರ ಕಾಲೇಜು, ಎರಡು ಅಂಕಿ ಸೇರಿದ ವರ್ಷ, ಎರಡು ಅಕ್ಷರ ವಿಭಾಗ, ಕೊನೆಯ ಮೂರು ಅಂಕಿ ಕ್ರಮಸಂಖ್ಯೆ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರ ಕ್ರಮಸಂಖ್ಯೆ 400ರಿಂದ ಶುರುವಾಗುತ್ತದೆ. ಪಟ್ಟಿಯಲ್ಲಿ 4 ಕಂಡರೆ ಸಾಕು, ಹುಡುಗ ಎಲ್ಲಿಂದ ಬಂದವನು ಎಂದು ತರಗತಿಗೆಲ್ಲ ಗೊತ್ತು. ಹಿಂದಿನ ವರ್ಷದ ಅಂಕಿ ಹೊತ್ತು ಕಿರಿಯರ ಜೊತೆ ಪರೀಕ್ಷೆ ಬರೆಯುವವನು ಬಾಯಿ ತೆರೆಯುವ ಮೊದಲೇ ಅವನ ಬ್ಯಾಕ್‌ಲಾಗಿನ ಕಥೆ ಹೇಳಿ ಆಗಿರುತ್ತದೆ. ಈ ವ್ಯವಸ್ಥೆಯನ್ನು ರೂಪಿಸಿದವರಿಗೆ ಯಾರನ್ನೂ ಅವಮಾನಿಸುವ ಉದ್ದೇಶ ಇರಲಾರದು. ಗುಮಾಸ್ತರಿಗೆ ಅನುಕೂಲವಾಗಲಿ ಎಂದು ಮಾಡಿದ್ದು. ಕಥೆಗಾರರು ಗಮನಿಸಬೇಕಾದದ್ದು ಇದನ್ನೇ: ಕಚೇರಿಯ ಅನುಕೂಲಕ್ಕೆ ತುಂಬಿಸಿದ ಮಾಹಿತಿ ಮನುಷ್ಯರ ನಡುವೆ ಬಂದಾಗ ದರ್ಜೆಯಾಗಿ ಬದಲಾಗುತ್ತದೆ.

ಹಾಗಾದರೆ ಹೆಸರು ಕೊಟ್ಟರೆ ಬಿಡುಗಡೆಯೆ? ರೋಬೋಟ್ ಎಂಬ ಪದವನ್ನು ಜಗತ್ತಿಗೆ ಕೊಟ್ಟ ನಾಟಕ ಕಾರೆಲ್ ಚಾಪೆಕ್‌ನ 'ಆರ್.ಯು.ಆರ್.' ಪ್ರಕಟವಾದದ್ದು 1920ರಲ್ಲಿ. ಪದದ ಮೂಲ ಚೆಕ್ ಭಾಷೆಯ 'ರೋಬೋಟಾ', ಅಂದರೆ ಬಿಟ್ಟಿ ಚಾಕರಿ. ಆ ನಾಟಕದ ರೋಬೋಟುಗಳಿಗೆ ಹೆಸರುಗಳಿವೆ. ಮೇರಿಯಸ್, ಸುಲ್ಲಾ ಎಂಬ ಎರಡು ರೋಬೋಟುಗಳ ಹೆಸರು ಪ್ರಾಚೀನ ರೋಮಿನ ಪ್ರೇಮಿಗಳದ್ದು ಎಂದು ಕಾರ್ಖಾನೆಯವರು ಭಾವಿಸಿದ್ದಾರೆ. ನಿಜದಲ್ಲಿ ಅವರಿಬ್ಬರು ಪರಸ್ಪರ ಕಾದಾಡಿದ ಸೇನಾಪತಿಗಳು. ಹೆಸರಿದ್ದೂ ಅವು ಬಿಟ್ಟಿ ಆಳುಗಳೇ. ಹೆಸರಿಟ್ಟವರಿಗೆ ಆ ಹೆಸರಿನ ಅರ್ಥ ತಿಳಿಯುವ ಗರಜೂ ಇರಲಿಲ್ಲ. ಅದೇ ಕಾಲದಲ್ಲಿ ರಷ್ಯಾದ ಝಮ್ಯಾಟಿನ್ ಬರೆದ 'ವಿ' ಕಾದಂಬರಿಯಲ್ಲಿ ನಂಬರು ಹೊತ್ತವರು ಮನುಷ್ಯರು. ಗಂಡಸರಿಗೆ ವ್ಯಂಜನ ಮತ್ತು ಬೆಸಸಂಖ್ಯೆ, ಹೆಂಗಸರಿಗೆ ಸ್ವರ ಮತ್ತು ಸಮಸಂಖ್ಯೆ. ಡಿ-503 ಎಂಬ ನಂಬರಿನವನು ಐ-330 ಎಂಬಾಕೆಯನ್ನು ಪ್ರೀತಿಸುತ್ತಾನೆ, ನರಳುತ್ತಾನೆ. ನಂಬರು ಅವನ ಮನಸ್ಸನ್ನು ಕಿತ್ತುಕೊಂಡಿರಲಿಲ್ಲ. ನೂರು ವರ್ಷದ ಹಿಂದೆ ಈ ಇಬ್ಬರು ಮುರಿದ ಸೂತ್ರವನ್ನು ನಾವಿನ್ನೂ ಹೊಸದೆಂಬಂತೆ ಬರೆಯುತ್ತಿದ್ದೇವೆ.

ನಮ್ಮಲ್ಲಂತೂ ಹೆಸರೇ ಒಂದು ಸೀರಿಯಲ್ ನಂಬರು. ಬಾಡಿಗೆ ಮನೆ ಕೇಳಲು ಹೋದವರು ಹೆಸರು ಹೇಳಿದ ಮೇಲೆ ಬರುವ ಎರಡನೇ ಪ್ರಶ್ನೆ ಎಲ್ಲರಿಗೂ ಗೊತ್ತು: 'ಯಾವ ಕಡೆಯವರು?' ಮನೆತನದ ಹೆಸರು, ಊರಿನ ಹೆಸರು, ದೇವರ ಹೆಸರು, ಎಲ್ಲವನ್ನೂ ಬಿಡಿಸಿ ಓದುವ ಕೌಶಲ ನಮ್ಮ ಸಮಾಜಕ್ಕೆ ಚಿಕ್ಕಂದಿನಿಂದಲೇ ಬರುತ್ತದೆ. ಇದೇ ಕಾರಣಕ್ಕೆ ಉತ್ತರ ಪತ್ರಿಕೆಯ ಮೇಲೆ ಹೆಸರು ಬರೆಯಬಾರದು ಎಂಬ ನಿಯಮವಿದೆ. ಮೌಲ್ಯಮಾಪಕರ ಕೈಗೆ ಹೋಗುವ ಮುಂಚೆ ರಿಜಿಸ್ಟರ್ ನಂಬರನ್ನೂ ಮರೆಮಾಡಿ ಕೋಡ್ ಹಾಕುವ ಪದ್ಧತಿಯಿದೆ. ಅಲ್ಲಿ ವಿದ್ಯಾರ್ಥಿಯನ್ನು ಕಾಯುವುದು ಏನನ್ನೂ ಹೇಳದ ಒಂದು ಸಂಖ್ಯೆ. ಹೆಸರನ್ನು ಮರೆಸಿದ್ದರಿಂದಲೇ ನ್ಯಾಯವಾದ ಅಂಕ ಪಡೆದವರ ದೇಶದಲ್ಲಿ ಕೂತು 'ಹೆಸರೇ ಬಿಡುಗಡೆ' ಎಂದು ಕಥೆ ಬರೆಯುವುದು ಕಣ್ಣು ಮುಚ್ಚಿಕೊಂಡು ಬರೆದ ಹಾಗೆ.

ಸುಮ್ಮನೆ 1, 2, 3 ಎಂದು ಕೊಟ್ಟರೆ ನಂಬರು ಏನನ್ನೂ ಹೇಳುವುದಿಲ್ಲ ಎಂದೂ ತಿಳಿಯಬೇಡಿ. ಎರಡನೇ ಮಹಾಯುದ್ಧದಲ್ಲಿ ಮಿತ್ರಪಕ್ಷದ ಸಂಖ್ಯಾಶಾಸ್ತ್ರಜ್ಞರು ವಶವಾದ ಜರ್ಮನ್ ಟ್ಯಾಂಕುಗಳ ಬಿಡಿಭಾಗಗಳ ಮೇಲಿನ ಕ್ರಮಸಂಖ್ಯೆಗಳಿಂದ ಶತ್ರುವಿನ ಉತ್ಪಾದನೆಯನ್ನು ಅಂದಾಜು ಮಾಡಿದರು. 1942ರ ಆಗಸ್ಟ್ ತಿಂಗಳಿಗೆ ಗೂಢಚಾರರ ಅಂದಾಜು 1,550 ಟ್ಯಾಂಕು, ಸಂಖ್ಯಾಶಾಸ್ತ್ರಜ್ಞರದ್ದು 327. ಯುದ್ಧ ಮುಗಿದ ಮೇಲೆ ಜರ್ಮನ್ ದಾಖಲೆ ನೋಡಿದರೆ 342. ಲೆಕ್ಕ ಸರಳ: ಕಂಡ ನಂಬರುಗಳಲ್ಲಿ ದೊಡ್ಡದಕ್ಕೆ, ಅದನ್ನೇ ಕಂಡ ನಂಬರುಗಳ ಎಣಿಕೆಯಿಂದ ಭಾಗಿಸಿ ಕೂಡಿಸಿ, ಒಂದು ಕಳೆಯಿರಿ. 19, 40, 42, 60 ಎಂಬ ನಾಲ್ಕು ನಂಬರು ಕಂಡರೆ 60ಕ್ಕೆ 15 ಕೂಡಿಸಿ 1 ಕಳೆದಾಗ 74. ಇದರಲ್ಲಿ ಎಂಥ ಕಥೆಯಿದೆ ನೋಡಿ. ಬೇರೆ ಬೇರೆ ಮನೆಗಳಲ್ಲಿ ಚಾಕರಿ ಮಾಡುವ ನಾಲ್ಕು ಯಂತ್ರಮಾನವರು ಸಂತೆಯಲ್ಲಿ ಭೇಟಿಯಾಗಿ, ಒಬ್ಬರ ನಂಬರನ್ನೊಬ್ಬರು ಓದಿ, ಯಜಮಾನರು ಮುಚ್ಚಿಟ್ಟ ತಮ್ಮ ಜನಸಂಖ್ಯೆಯನ್ನು ತಾವೇ ಕಂಡುಕೊಳ್ಳಬಹುದು. ಉಪೇಂದ್ರ ನಟಿಸಿದ 'ಹಾಲಿವುಡ್' (2002) ಚಿತ್ರದ ರೋಬೋಟಿನ ಹೆಸರು ಯು.ಎಸ್. 47. ಆ 47 ಕೇಳಿದಾಗಲೆಲ್ಲ ನನಗೆ ಉಳಿದ 46ರ ಚಿಂತೆ ಹತ್ತುತ್ತದೆ.

ಏನನ್ನೂ ಹೇಳದ, ಕ್ರಮವೂ ಇಲ್ಲದ ನಂಬರು ಕೊಟ್ಟರೆ? ಅದೂ ನಮ್ಮ ಜೇಬಿನಲ್ಲೇ ಇದೆ. ಆಧಾರ್‌ನ 12 ಅಂಕಿಗಳಲ್ಲಿ ಊರು, ಲಿಂಗ, ಜಾತಿ, ಹುಟ್ಟಿದ ದಿನ ಯಾವುದೂ ಅಡಗಿಲ್ಲ. 11 ಅಂಕಿ ಯಾದೃಚ್ಛಿಕ, ಕೊನೆಯದು ತಪ್ಪು ಹಿಡಿಯುವ ತಪಾಸಣಾ ಅಂಕಿ. ನಂಬರಿನ ಮಟ್ಟಿಗೆ ಇದು ಬ್ಯಾಟಿಯ ಜಾತಕಕ್ಕಿಂತ ಸಾವಿರ ಪಾಲು ಮೇಲು. ಆದರೆ ವಿವಾದ ಅಲ್ಲಿಗೆ ಮುಗಿಯಲಿಲ್ಲ. ಅದನ್ನು ಸುಪ್ರೀಂ ಕೋರ್ಟಿಗೆ ಒಯ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಅವರ ಹೆಸರಿನಲ್ಲೇ ಇದೆ. 2018ರ ತೀರ್ಪು ಆಧಾರ್ ಯೋಜನೆಯನ್ನು ಉಳಿಸಿ, ಖಾಸಗಿ ಕಂಪನಿಗಳು ಅದನ್ನು ಕೇಳಲು ದಾರಿ ಮಾಡಿದ್ದ ಭಾಗವನ್ನು ತೆಗೆದುಹಾಕಿತು. ನಂಬರು ಮೂಕವಾದಷ್ಟೂ ಮಾತು ದತ್ತಾಂಶದ ಕಡತಕ್ಕೆ ಹೋಗುತ್ತದೆ. ಆಗ ಆ ಕಡತದ ಬೀಗ ಯಾರ ಕೈಯಲ್ಲಿದೆ ಎಂದು ಕೇಳಬೇಕಾಗುತ್ತದೆ. ಮೂಕ ನಂಬರಿನ ಯಂತ್ರಮಾನವನ ಕಥೆ ಆ ಬೀಗದ ಕಥೆಯಾಗಿರಬೇಕು.

ಇನ್ನು ನಂಬರನ್ನು ಎಲ್ಲಿ ಬರೆಯುವುದು? ಔಷ್ವಿಟ್ಸ್‌ನಲ್ಲಿ ನಾಜಿಗಳು 4 ಲಕ್ಷಕ್ಕೂ ಹೆಚ್ಚು ಕೈದಿ ಸಂಖ್ಯೆಗಳನ್ನು ಹಂಚಿದರು, ಬಹುಪಾಲು ಕೈದಿಗಳ ಚರ್ಮದ ಮೇಲೇ ಹಚ್ಚೆ ಹಾಕಿದರು. ರೋಮಾ ಜನರ ಸಂಖ್ಯೆಗೆ ಪ್ರತ್ಯೇಕ ಅಕ್ಷರವಿತ್ತು. ಬದುಕಿ ಬಂದ ಲೇಖಕ ಪ್ರಿಮೊ ಲೆವಿಯ ತೋಳಿನ ಮೇಲಿದ್ದದ್ದು 174517. ಕಾಗದದ ಮೇಲಿನ ನಂಬರನ್ನು ಬಿಟ್ಟು ಬರಬಹುದು, ಮೈಮೇಲಿನದನ್ನು ಆಗದು. ಇವತ್ತು ನಮ್ಮ ಹಳ್ಳಿಗಳ ಹಸುವಿನ ಕಿವಿಯಲ್ಲಿ ತೂಗುವ ಹಳದಿ ಬಿಲ್ಲೆಯ ಮೇಲೂ 12 ಅಂಕಿಗಳಿವೆ. ಲಸಿಕೆಯ ಲೆಕ್ಕಕ್ಕೆ ಅದು ಬೇಕು. ಆದರೆ ಹಸು ತನ್ನ ನಂಬರನ್ನು ಓದಲಾರದು. ಯಂತ್ರಮಾನವನನ್ನು ಹಸುವಿನ ಸಾಲಿನಲ್ಲಿಡುತ್ತೀರೋ ಮನುಷ್ಯರ ಸಾಲಿನಲ್ಲೋ ಎನ್ನುವುದು, ಅವನಿಗೆ ತನ್ನ ನಂಬರು ಕಾಣುವ ಜಾಗದಲ್ಲಿದೆಯೇ ಎಂಬುದರಿಂದಲೇ ಗೊತ್ತಾಗುತ್ತದೆ. 'ಬ್ಲೇಡ್ ರನ್ನರ್ 2049' (2017) ಚಿತ್ರದವರು ನಂಬರನ್ನು ಮೂಳೆಯ ಮೇಲೆ ಕೊರೆದರು. ಮಗು ಹೆತ್ತು ಸತ್ತ ಹೆಂಗಸು ಕಾರ್ಖಾನೆಯಲ್ಲಿ ತಯಾರಾದವಳು ಎಂದು ಗೊತ್ತಾಗುವುದು ಹೂತ ಮೂಳೆಗಳನ್ನು ಸೂಕ್ಷ್ಮವಾಗಿ ನೋಡಿದಾಗ. ಇಡೀ ಕಥೆ ಅಲ್ಲಿಂದ ಹೊರಡುತ್ತದೆ.

'ಇವೆಲ್ಲ ಎಂಜಿನಿಯರುಗಳ ಕೆಲಸ, ಸಾಹಿತ್ಯಕ್ಕೆ ಭಾವ ಮುಖ್ಯ' ಎನ್ನುವವರಿದ್ದಾರೆ. ಐಸಾಕ್ ಅಸಿಮೋವ್‌ನ 'ದಿ ಬೈಸೆಂಟೆನಿಯಲ್ ಮ್ಯಾನ್' (1976) ಕಥೆಯ ಆ್ಯಂಡ್ರೂ ಎಂಬ ರೋಬೋಟಿನ ನಂಬರು ಎನ್‌ಡಿಆರ್ ಎಂದು ಶುರುವಾಗುತ್ತದೆ. ಮುಂದಿನ ಅಂಕಿಗಳನ್ನು ಅವನು ಮರೆತಿದ್ದಾನೆ. ಆದರೆ ಅವನು ರೋಬೋಟ್, ನೆನಪಿಡಬೇಕೆಂದಿದ್ದರೆ ಮರೆಯುವುದು ಸಾಧ್ಯವೇ ಇರಲಿಲ್ಲ. ಅವನಿಗೆ ನೆನಪಿಡಲು ಇಷ್ಟವಿರಲಿಲ್ಲ. ಭಾವ ಬೇಕೆನ್ನುವವರಿಗೆ ಇದಕ್ಕಿಂತ ಏನು ಬೇಕು? ಇಲ್ಲಿ ಭಾವ ಹುಟ್ಟಿದ್ದೇ ನಂಬರಿನ ವಿವರದಿಂದ. ಎಕ್ಸ್-9ಕ್ಕೆ ಮರೆಯಲು ಏನಿದೆ?

ಆದ್ದರಿಂದ ವಿಜ್ಞಾನ ಕಥೆ ಬರೆಯುವ ಗೆಳೆಯ ಗೆಳತಿಯರಲ್ಲಿ ನನ್ನ ಆಗ್ರಹ ಇಷ್ಟೇ. ಕಥೆ ಶುರು ಮಾಡುವ ಮುಂಚೆ ಒಂದು ಹಾಳೆಯಲ್ಲಿ ನಿಮ್ಮ ಜೀವಿಯ ನಂಬರನ್ನು ಪೂರ್ತಿ ಬರೆಯಿರಿ. ಪ್ರತಿ ಅಂಕಿ ಯಾರ ಅನುಕೂಲಕ್ಕೆ ಇದೆ ಎಂದು ಪಕ್ಕದಲ್ಲಿ ಗುರುತು ಹಾಕಿ. ಅದನ್ನು ಓದಬಲ್ಲವರ ಪಟ್ಟಿ ಮಾಡಿ, ಅದರಲ್ಲಿ ಆ ಜೀವಿ ಇದೆಯೇ ನೋಡಿ. ಆಮೇಲೆ ಬೇಕಿದ್ದರೆ ಮಗು ಬಂದು ಹೆಸರಿಡಲಿ. ಆದರೆ ಆ ಹೆಸರು ಕೇಳಿದ ಮೇಲೆ ನಮ್ಮ ಊರಿನಲ್ಲಿ ಅದಕ್ಕೆ ಬಾಡಿಗೆ ಮನೆ ಸಿಕ್ಕಿತೇ ಇಲ್ಲವೇ ಎನ್ನುವುದನ್ನೂ ಕಥೆ ಹೇಳಬೇಕು.