ಮೊಬೈಲಿನಲ್ಲಿ ಆಯ್ಕೆ ಯಾರದು?

ಬಿಟ್ಟಿಯಾಗಿ ದೊರೆಯುವ ವಸ್ತುವಿಗೂ ಒಂದು ಬೆಲೆಯುಂಟು. ಆ ಬೆಲೆ ಎಷ್ಟೆಂಬುದನ್ನು ಅಮೆರಿಕದ ಒಂದು ನ್ಯಾಯಾಲಯವು ಅಂಕಿಗಳಲ್ಲಿಯೇ ಬರೆದಿಟ್ಟಿದೆ. 2024ರ ಆಗಸ್ಟ್ 5ರಂದು ವಾಷಿಂಗ್ಟನ್ನಿನ ಫೆಡರಲ್ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು, ಅಂತರ್ಜಾಲದ ಹುಡುಕಾಟದ ವ್ಯವಹಾರದಲ್ಲಿ ಗೂಗಲ್ ಸಂಸ್ಥೆಯು ಕಾನೂನಿಗೆ ವಿರುದ್ಧವಾಗಿ ಏಕಸ್ವಾಮ್ಯವನ್ನು ಕಾಪಾಡಿಕೊಂಡು ಬಂದಿದೆಯೆಂದು ತೀರ್ಪಿತ್ತರು. ಮೊಬೈಲುಗಳಲ್ಲಿಯೂ ಬ್ರೌಸರುಗಳಲ್ಲಿಯೂ ತನ್ನ ಹುಡುಕುಯಂತ್ರವೇ ಮೊದಲು ತೆರೆದುಕೊಳ್ಳುವಂತೆ ಏರ್ಪಡಿಸುವುದಕ್ಕಾಗಿ ಆ ಸಂಸ್ಥೆಯು 2021ನೆಯ ಒಂದೇ ವರ್ಷದಲ್ಲಿ 2,630 ಕೋಟಿ ಡಾಲರುಗಳನ್ನು ಇತರ ಸಂಸ್ಥೆಗಳಿಗೆ ತೆತ್ತಿತ್ತೆಂಬ ಸಂಗತಿ ಆ ವಿಚಾರಣೆಯಲ್ಲಿ ಹೊರಬಿತ್ತು.

ಇಷ್ಟೊಂದು ಹಣವನ್ನು ತೆತ್ತದ್ದು ಏತಕ್ಕೆ? ಮೊದಲೇ ಹೊಂದಿಸಿಟ್ಟದ್ದನ್ನು ಬದಲಿಸಲು ಬಳಸುವವನಿಗೆ ಒಂದು ನಿಮಿಷವೂ ಬೇಕಾಗಿಲ್ಲ. ಆದರೆ ಬಹುಮಂದಿ ಬದಲಿಸುವುದಿಲ್ಲ. ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೆಯೇ ಮೊಬೈಲನ್ನು ವರ್ಷಗಟ್ಟಲೆ ಉಪಯೋಗಿಸುತ್ತಾರೆ. ನಮ್ಮ ಈ ಉದಾಸೀನವೇ ಸಾವಿರಾರು ಕೋಟಿ ಡಾಲರುಗಳ ಬಂಡವಾಳವಾಗಿದೆ.

ನಮ್ಮ ದೇಶದಲ್ಲಿಯೂ ಈ ಪ್ರಶ್ನೆ ಎದ್ದಿತು. 2022ರ ಅಕ್ಟೋಬರ್ 20ರಂದು ಭಾರತೀಯ ಸ್ಪರ್ಧಾ ಆಯೋಗವು ಆಂಡ್ರಾಯ್ಡ್ ಮೊಬೈಲುಗಳಿಗೆ ಸಂಬಂಧಿಸಿದಂತೆ ಗೂಗಲ್ ಸಂಸ್ಥೆಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. 2023ರ ಮಾರ್ಚಿಯಲ್ಲಿ ಮೇಲ್ಮನವಿ ನ್ಯಾಯಮಂಡಳಿಯೂ ಆ ದಂಡವನ್ನು ಎತ್ತಿಹಿಡಿಯಿತು. ಹುಡುಕುಯಂತ್ರವನ್ನು ಬಳಸುವವರೇ ಆರಿಸಿಕೊಳ್ಳುವ ಅವಕಾಶ ನೀಡುವುದಾಗಿ ಸಂಸ್ಥೆಯು ಅದೇ ವರ್ಷದ ಜನವರಿಯಲ್ಲಿ ಪ್ರಕಟಿಸಿತ್ತು. ಅತ್ತ ಅಮೆರಿಕದಲ್ಲಿ 2025ರ ಸೆಪ್ಟೆಂಬರ್ 2ರಂದು ಪರಿಹಾರದ ಆಜ್ಞೆ ಹೊರಟಾಗ, ಪ್ರತಿಸ್ಪರ್ಧಿಗಳನ್ನು ಹೊರಗಿಡುವ ಒಪ್ಪಂದಗಳನ್ನು ನ್ಯಾಯಾಲಯವು ನಿಷೇಧಿಸಿತಾದರೂ, ಕ್ರೋಮ್ ಬ್ರೌಸರನ್ನು ಮಾರಬೇಕೆಂಬ ಸರಕಾರದ ಕೇಳಿಕೆಯನ್ನು ಒಪ್ಪಲಿಲ್ಲ. ನ್ಯಾಯಾಲಯಗಳು ಬಾಗಿಲನ್ನು ಸ್ವಲ್ಪ ತೆರೆದಿವೆ. ಅದರೊಳಗೆ ಕಾಲಿಡಬೇಕಾದವರು ನಾವು.

ಇದು ದೊಡ್ಡವರ ವ್ಯಾಜ್ಯ, ನಮಗೇಕೆ ಎಂದು ಕೆಲವು ವಾಚಕರಿಗೆ ತೋರಬಹುದು. ಆದರೆ ಮುಂಬಯಿ, ಪುಣೆಗಳ ಹೋಟೆಲುಗಳಲ್ಲಿ ದುಡಿಯುವ ನಮ್ಮ ಬಂಧುವಿಗೆ ಇಂದು ಮೊಬೈಲೇ ಬ್ಯಾಂಕು, ಅದೇ ರೈಲಿನ ಟಿಕೆಟಿನ ಕಿಟಕಿ, ಅದೇ ಸಿನೆಮಾ ಮಂದಿರ, ಊರಿನ ತಾಯಿತಂದೆಯರ ಮುಖದರ್ಶನಕ್ಕೂ ಅದೇ ದಾರಿ. ಕಚೇರಿಯ ಗುಮಾಸ್ತನ ಸ್ಥಿತಿಯೂ ಇದೇ. ಈ ಕಿಟಕಿಯಲ್ಲಿ ಮೊದಲು ಏನು ಕಾಣಬೇಕು, ಯಾವ ವೀಡಿಯೊ ಆದ ಮೇಲೆ ಯಾವುದು ಬರಬೇಕು ಎಂಬುದನ್ನು ಇನ್ನೊಬ್ಬರು ನಿಶ್ಚಯಿಸಿರುವಾಗ, ನಷ್ಟವಾದರೆ ಅದು ತಿಂಗಳ ಸಂಬಳದ, ರಾತ್ರಿಯ ನಿದ್ರೆಯ ನಷ್ಟ. ಆದುದರಿಂದ ಈ ಏರ್ಪಾಡುಗಳನ್ನು ಒಂದೊಂದಾಗಿ ಪರಿಶೀಲಿಸುವುದು ಉಚಿತ.

ಮೊದಲನೆಯದು ವಿಳಾಸ. ರಿಸರ್ವ್ ಬ್ಯಾಂಕು 2025ರ ಫೆಬ್ರವರಿಯಲ್ಲಿ ಒಂದು ಮಹತ್ವದ ನಿರ್ಧಾರವನ್ನು ಪ್ರಕಟಿಸಿತು. ದೇಶದ ಬ್ಯಾಂಕುಗಳೆಲ್ಲವೂ ತಮ್ಮ ಜಾಲತಾಣದ ವಿಳಾಸವನ್ನು ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಿಸಿಕೊಳ್ಳಬೇಕೆಂದು ವಿಧಿಸಿ, ಅದಕ್ಕೆ 2025ರ ಅಕ್ಟೋಬರ್ 31ರ ಗಡುವನ್ನು ಗೊತ್ತುಪಡಿಸಿತು. ಈ ವಿಳಾಸವನ್ನು ಹಂಚುವ ಅಧಿಕಾರ ಹೈದರಾಬಾದಿನಲ್ಲಿ ರಿಸರ್ವ್ ಬ್ಯಾಂಕು ಸ್ಥಾಪಿಸಿರುವ ಬ್ಯಾಂಕಿಂಗ್ ತಂತ್ರಜ್ಞಾನ ಸಂಸ್ಥೆಗೆ ಮಾತ್ರ ಇದೆ. ಬ್ಯಾಂಕಲ್ಲದವರಿಗೆ ಅದು ದೊರೆಯುವಂತಿಲ್ಲ. ಮೋಸಗಾರರ ನಕಲಿ ತಾಣಗಳನ್ನು ಗುರುತಿಸಲು ಸಾಮಾನ್ಯನ ಕೈಗೆ ದೊರೆತ ಸುಲಭವಾದ ಗುರುತು ಇದು.

ಆದರೆ ವಿಳಾಸವನ್ನು ಓದುವ ಕ್ರಮ ತಿಳಿದಿರಬೇಕು. ಲಕೋಟೆಯ ಮೇಲೆ ಹೆಸರು ಮೊದಲು, ಊರು ಕೊನೆಗೆ ಬರುವಂತೆ ಇಲ್ಲಿಯೂ ಮುಖ್ಯವಾದುದು ಕೊನೆಗೆ ಬರುತ್ತದೆ. ‘ಎಚ್‌ಟಿಟಿಪಿಎಸ್’ ಎಂಬುದರ ಮುಂದಿನ ಎರಡು ಓರೆಗೆರೆಗಳ ತರುವಾಯ, ಮತ್ತೊಂದು ಓರೆಗೆರೆ ಬರುವವರೆಗಿನ ಭಾಗವನ್ನು ನೋಡಿ, ಅದರ ಕೊನೆಯ ತುದಿಯನ್ನು ಓದತಕ್ಕದ್ದು. ಬ್ಯಾಂಕಿನ ಹೆಸರು ನಡುವೆ ಎಲ್ಲಿಯೋ ಇದ್ದು ತುದಿಯಲ್ಲಿ ಬೇರೇನೋ ಇದ್ದರೆ ಆ ತಾಣ ಬ್ಯಾಂಕಿನದಲ್ಲ. ಮೊಬೈಲಿನಲ್ಲಿ ವಿಳಾಸ ಪೂರ್ಣವಾಗಿ ಕಾಣದಿದ್ದರೆ ಅದರ ಮೇಲೆ ಬೆರಳೊತ್ತಿದರೆ ಕಾಣುವುದು. ಒಮ್ಮೆ ಸರಿಯಾದ ತಾಣವನ್ನು ತೆರೆದು ಅದನ್ನು ಬ್ರೌಸರಿನ ಬುಕ್‌ಮಾರ್ಕಿನಲ್ಲಿ ಉಳಿಸಿಕೊಂಡರೆ ಪ್ರತಿಸಲ ಹುಡುಕುವ ಅವಶ್ಯಕತೆಯೇ ಇರುವುದಿಲ್ಲ.

ಎರಡನೆಯದು ಹುಡುಕಾಟ. ಹುಡುಕುಯಂತ್ರದ ಉತ್ತರಗಳಲ್ಲಿ ಎಲ್ಲಕ್ಕಿಂತ ಮೇಲೆ ಇರುವುದು ಎಷ್ಟೋ ಸಲ ಹಣ ಕೊಟ್ಟು ಹಾಕಿಸಿದ ಜಾಹೀರಾತು. ಅದರ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಹಾಗೆಂದು ಬರೆದಿರುತ್ತದೆ. ಮೇಲಿರುವುದೇ ಸರಿಯಾದದ್ದೆಂಬ ನಂಬಿಕೆಯಿಂದ ಮೋಸಗಾರರು ಲಾಭ ಪಡೆಯುತ್ತಾರೆ. ಊರಿಗೆ ಕಳುಹಿಸಿದ ಹಣ ಖಾತೆಗೆ ಸೇರದಾಗ ಗಾಬರಿಯಿಂದ ಬ್ಯಾಂಕಿನ ದೂರವಾಣಿ ಸಂಖ್ಯೆಯನ್ನು ಹುಡುಕಿ, ಸಿಕ್ಕಿದ ಮೊದಲ ಸಂಖ್ಯೆಗೆ ಕರೆಮಾಡಿ, ಉಳಿದ ಹಣವನ್ನೂ ಕಳೆದುಕೊಂಡವರು ಅನೇಕರು. ಬ್ಯಾಂಕಿನ ಸಂಖ್ಯೆಯನ್ನು ಪಾಸ್‌ಬುಕ್ಕಿನಿಂದಲೋ ಕಾರ್ಡಿನ ಹಿಂಬದಿಯಿಂದಲೋ ತೆಗೆದುಕೊಳ್ಳಬೇಕೇ ಹೊರತು ಹುಡುಕಾಟದಿಂದಲ್ಲ. ಯುಪಿಐ ಮೂಲಕ ಹಣ ಪಡೆಯುವವರು ಪಿನ್ ಸಂಖ್ಯೆಯನ್ನು ಒತ್ತಬೇಕಾಗಿಲ್ಲ ಎಂಬುದೂ ನೆನಪಿರಲಿ. ಪಿನ್ ಕೇಳಿದರೆ ಹಣ ಹೋಗುತ್ತಿದೆಯೆಂದೇ ಅರ್ಥ.

ಇಲ್ಲಿ ಬೀಗದ ಚಿಹ್ನೆಯ ಮಾತನ್ನೂ ಹೇಳಬೇಕಾಗಿದೆ. ವಿಳಾಸದ ಪಕ್ಕದಲ್ಲಿ ಬೀಗವಿದ್ದರೆ ತಾಣ ಪ್ರಾಮಾಣಿಕವಾದುದೆಂದು ಬಹುಕಾಲ ಜನ ನಂಬಿದ್ದರು. ಬೀಗ ಹೇಳುವುದು ಇಷ್ಟೇ: ನಿಮಗೂ ಆ ತಾಣಕ್ಕೂ ನಡುವಿನ ಮಾತನ್ನು ದಾರಿಯಲ್ಲಿ ಮೂರನೆಯವರು ಓದಲಾರರು. ಆ ತಾಣ ನಡೆಸುವವನೇ ಕಳ್ಳನಾಗಿದ್ದರೆ ಬೀಗವೇನು ಮಾಡೀತು? ಈ ತಪ್ಪು ತಿಳಿವಳಿಕೆಯ ಕಾರಣದಿಂದಲೇ ಕ್ರೋಮ್ ಬ್ರೌಸರು 2023ರಲ್ಲಿ ಬೀಗದ ಚಿತ್ರವನ್ನು ತೆಗೆದು ಬೇರೊಂದು ಚಿಹ್ನೆಯನ್ನಿಟ್ಟಿತು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಮೂರನೆಯದು ಅಪ್ಪಣೆ. ಕೆಲವು ತಾಣಗಳು ತೆರೆದ ಕೂಡಲೆ ಸೂಚನೆಗಳನ್ನು ಕಳುಹಿಸಲು ಅನುಮತಿ ಬೇಡುತ್ತವೆ. ಅವಸರದಲ್ಲಿ ‘ಅಲೋ’ ಎಂದು ಒತ್ತಿದರೆ ಮುಂದೆ ಹಗಲಿರುಳೂ ಜಾಹೀರಾತುಗಳು, ನಿಮ್ಮ ಮೊಬೈಲಿಗೆ ವೈರಸ್ ತಗುಲಿದೆಯೆಂಬ ಸುಳ್ಳು ಬೆದರಿಕೆಗಳು ಬರತೊಡಗುತ್ತವೆ. ನಿಜಕ್ಕೂ ಅಲ್ಲಿ ವೈರಸ್ ಇರುವುದಿಲ್ಲ, ನೀವು ಕೊಟ್ಟ ಅಪ್ಪಣೆ ಮಾತ್ರ ಇರುತ್ತದೆ. ಬ್ರೌಸರಿನ ಸೆಟ್ಟಿಂಗ್ಸಿನಲ್ಲಿ ನೋಟಿಫಿಕೇಶನ್ನುಗಳ ಪುಟವನ್ನು ತೆರೆದು, ಪರಿಚಯವಿಲ್ಲದ ತಾಣಗಳ ಹೆಸರುಗಳನ್ನು ತೆಗೆದುಹಾಕಿದರೆ ಕಾಟ ನಿಲ್ಲುವುದು.

ನಾಲ್ಕನೆಯದು ಗುಟ್ಟು. ಒಂದೇ ಕೋಣೆಯಲ್ಲಿ ಆರೆಂಟು ಮಂದಿ ವಾಸಿಸುವಲ್ಲಿ ಮೊಬೈಲು ಕೈಯಿಂದ ಕೈಗೆ ಹೋಗುವುದು ಸಹಜ. ಕಚೇರಿಯ ಕಂಪ್ಯೂಟರನ್ನೂ ಹಲವರು ಬಳಸುತ್ತಾರೆ. ಬ್ರೌಸರಿನ ‘ಇನ್‌ಕಾಗ್ನಿಟೊ’ ಕಿಟಕಿಯನ್ನು ತೆರೆದರೆ ಯಾರಿಗೂ ಏನೂ ತಿಳಿಯದೆಂಬ ಭಾವನೆ ಇದೆ. ಆ ಕಿಟಕಿಯನ್ನು ಮುಚ್ಚಿದಾಗ ಅದೇ ಯಂತ್ರದಲ್ಲಿ ಚರಿತ್ರೆ ಉಳಿಯುವುದಿಲ್ಲ ಎಂಬಷ್ಟು ಮಾತ್ರ ನಿಜ. ನೀವು ಭೇಟಿಕೊಟ್ಟ ತಾಣಕ್ಕೂ, ಕಚೇರಿಯ ಜಾಲವನ್ನು ನೋಡಿಕೊಳ್ಳುವವರಿಗೂ ನಿಮ್ಮ ಸುಳಿವು ಸಿಗಬಹುದು. ಈ ವಿಷಯದಲ್ಲಿ ಬಳಸುವವರನ್ನು ತಪ್ಪುದಾರಿಗೆ ಎಳೆಯಲಾಯಿತೆಂದು ಅಮೆರಿಕದಲ್ಲಿ 2020ರಲ್ಲಿ ಹೂಡಿದ ದಾವೆ 2024ರಲ್ಲಿ ರಾಜಿಗೆ ಬಂದಾಗ, ಸಂಗ್ರಹಿಸಿದ ಅಪಾರ ದಾಖಲೆಗಳನ್ನು ಅಳಿಸಿಹಾಕಲು ಗೂಗಲ್ ಒಪ್ಪಬೇಕಾಯಿತು. ಅನ್ಯರ ಯಂತ್ರದಲ್ಲಿ ಇನ್‌ಕಾಗ್ನಿಟೊ ಬಳಸುವುದು ಒಳ್ಳೆಯದೇ, ಆದರೆ ಪಾಸ್‌ವರ್ಡನ್ನು ಉಳಿಸದೆ, ಕೆಲಸ ಮುಗಿದೊಡನೆ ‘ಲಾಗ್ ಔಟ್’ ಮಾಡಿ ಏಳುವುದು ಅದಕ್ಕಿಂತ ಅವಶ್ಯ.

ಐದನೆಯದು ವೀಡಿಯೊ. ದಿನಕ್ಕೆ ಒಂದೂವರೆ ಜಿಬಿ ಎಂಬ ಲೆಕ್ಕದಲ್ಲಿ ಡೇಟಾ ಕೊಂಡವರು ಸಂಜೆಯೊಳಗೆ ಅದು ತೀರಿತೆಂದು ದೂರುವುದುಂಟು. 1080 ಗುಣಮಟ್ಟದಲ್ಲಿ ಒಂದು ಗಂಟೆಯ ವೀಡಿಯೊ ಸುಮಾರು ಒಂದೂವರೆಯಿಂದ ಮೂರು ಜಿಬಿಯನ್ನು ನುಂಗುವುದು. 480ರ ಗುಣಮಟ್ಟದಲ್ಲಿ ಸುಮಾರು ಅರ್ಧ ಜಿಬಿ ಸಾಕು. ಅಂಗೈಯಗಲದ ಪರದೆಯಲ್ಲಿ ಇವೆರಡರ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ. 2020ರ ಮಾರ್ಚಿಯಲ್ಲಿ ದೇಶವೆಲ್ಲ ಮನೆಯೊಳಗೆ ಕುಳಿತಾಗ ವೀಡಿಯೊ ಸಂಸ್ಥೆಗಳೇ ಮೊಬೈಲು ಜಾಲಗಳಲ್ಲಿ ಗುಣಮಟ್ಟವನ್ನು 480ಕ್ಕೆ ಇಳಿಸಿದ್ದವು. ಯೂಟ್ಯೂಬಿನಲ್ಲಿ ವೀಡಿಯೊದ ಗುಣಮಟ್ಟದ ಪುಟವನ್ನು ತೆರೆದು ‘ಡೇಟಾ ಸೇವರ್’ ಎಂಬುದನ್ನು ಒಮ್ಮೆ ಆರಿಸಿಟ್ಟರೆ ಸಾಕು. ಹೊಳೆಗೆ ಸುರಿದರೂ ಅಳೆದು ಸುರಿಯೆಂಬ ಗಾದೆ ಇಲ್ಲಿಗೂ ಸಲ್ಲುವುದು.

ಡೇಟಾಕ್ಕಿಂತ ಅಮೂಲ್ಯವಾದುದು ನಿದ್ರೆ. ಒಂದು ವೀಡಿಯೊ ಮುಗಿದೊಡನೆ ಇನ್ನೊಂದು ತಾನಾಗಿ ಆರಂಭವಾಗುವ ‘ಆಟೋಪ್ಲೇ’ ಏರ್ಪಾಡು ನೋಡುವವನ ಅನುಕೂಲಕ್ಕೆಂದು ಹೇಳುತ್ತಾರೆ. ಆದರೆ ಎಷ್ಟು ಹೊತ್ತು ನೋಡಿದರೆ ಅಷ್ಟು ಜಾಹೀರಾತು ಎಂಬುದೇ ಅದರ ಹಿಂದಿನ ಲೆಕ್ಕಾಚಾರ. ರಾತ್ರಿ ಹನ್ನೊಂದಕ್ಕೆ ಹೋಟೆಲಿನ ಬಾಗಿಲು ಮುಚ್ಚಿ, ಬೆಳಗಿನ ನಾಲ್ಕೂವರೆಗೆ ಇಡ್ಲಿಯ ಒಲೆಯ ಮುಂದೆ ನಿಲ್ಲಬೇಕಾದವನಿಗೆ ಉಳಿದಿರುವುದು ಐದೂವರೆ ಗಂಟೆ. ಅದರಲ್ಲಿ ಎರಡನ್ನು ಆಟೋಪ್ಲೇ ಕಬಳಿಸಿದರೆ ಮರುದಿನ ಕೈ ಸುಡುವುದು ಅವನದೇ. ಆ ಗುಂಡಿಯನ್ನು ಆರಿಸಿಬಿಡಿ. ಮಲಗುವ ವೇಳೆಯನ್ನು ನೆನಪಿಸುವ ಸೌಕರ್ಯವೂ ಯೂಟ್ಯೂಬಿನಲ್ಲಿಯೇ ಇದೆ. ಅದನ್ನು ಹಚ್ಚಿಡಿ.

ಕಂಡದ್ದೆಲ್ಲ ಸತ್ಯವೆಂಬ ಕಾಲವೂ ಹೋಯಿತು. ರಿಸರ್ವ್ ಬ್ಯಾಂಕಿನ ಗವರ್ನರರೇ ಹಣಹೂಡಿಕೆಯ ಸಲಹೆ ನೀಡುತ್ತಿರುವಂತೆ ಕೃತಕವಾಗಿ ನಿರ್ಮಿಸಿದ ವೀಡಿಯೊಗಳು ಹರಡಿದಾಗ, ತನ್ನ ಅಧಿಕಾರಿಗಳು ಇಂಥ ಸಲಹೆ ನೀಡುವುದಿಲ್ಲವೆಂದು ಆ ಬ್ಯಾಂಕು 2024ರ ನವೆಂಬರಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಬೇಕಾಯಿತು. ಹಣ ದ್ವಿಗುಣವಾಗುವುದೆಂದು ಹೇಳುವ ವೀಡಿಯೊದಲ್ಲಿ ಎಂಥ ಗಣ್ಯರ ಮುಖ ಕಂಡರೂ ಅದನ್ನು ನಂಬತಕ್ಕದ್ದಲ್ಲ. ಮೋಸ ನಡೆದುಹೋದರೆ ಮಾತ್ರ ನಾಚಿಕೆಯಿಂದ ಸುಮ್ಮನಿರದೆ ತತ್‌ಕ್ಷಣವೇ 1930 ಎಂಬ ಸಂಖ್ಯೆಗೆ ಕರೆಮಾಡಿ ದೂರು ಕೊಡಬೇಕು. ಹಣ ಖಾತೆಯಿಂದ ಖಾತೆಗೆ ಹಾರಿ ಹೋಗುವ ಮೊದಲೇ ತಡೆಹಿಡಿಯಲು ಸಾಧ್ಯವಾಗುವುದು ಆಗಲೇ.

ದಿನಕ್ಕೆ ಹನ್ನೆರಡು ಗಂಟೆ ದುಡಿದು ಬಂದವನು ಇಷ್ಟೆಲ್ಲವನ್ನೂ ಕಲಿತಿರಬೇಕೆಂದು ಅಪೇಕ್ಷಿಸುವುದು ನ್ಯಾಯವೇ ಎಂಬ ಪ್ರಶ್ನೆ ಸಹಜವಾಗಿ ಏಳುವುದು. ನ್ಯಾಯವಲ್ಲವೆಂದೇ ನಮ್ಮ ಉತ್ತರ. ಮೊದಲೇ ಹೊಂದಿಸಿಟ್ಟ ಏರ್ಪಾಡು ಬಳಸುವವನನ್ನು ಕಾಯುವಂತಿರಬೇಕು, ಅವನ ದಣಿವಿನಿಂದ ಲಾಭ ಪಡೆಯುವಂತಿರಬಾರದು. ರಿಸರ್ವ್ ಬ್ಯಾಂಕು ವಿಳಾಸಗಳ ವಿಷಯದಲ್ಲಿ ಮಾಡಿದಂತೆ ಇತರ ಕಡೆಗಳಲ್ಲಿಯೂ ಹೊಣೆಯನ್ನು ಸಂಸ್ಥೆಗಳ ಮೇಲೆ ಹೊರಿಸುವುದು ಸರಕಾರದ ಕರ್ತವ್ಯ. ಆದರೆ ಆ ದಿನ ಬರುವವರೆಗೆ ಕೈಕಟ್ಟಿ ಕುಳಿತರೆ ನಷ್ಟ ನಮ್ಮದೇ.

ಈ ಊರುಗಳಿಗೆ ಬಂದ ನಮ್ಮ ಹಿಂದಿನ ತಲೆಮಾರಿನ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು, ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತರು. ಮನಿಯಾರ್ಡರಿನ ಕಾಗದವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳುವ ಅವಸ್ಥೆ ತಪ್ಪಲೆಂಬುದೂ ಆ ಕಲಿಕೆಯ ಒಂದು ಉದ್ದೇಶವಾಗಿತ್ತು. ಮೊಬೈಲಿನ ವಿಳಾಸದ ಗೆರೆಯನ್ನು ತಾನೇ ಓದಬಲ್ಲವನಾಗುವುದು ಇಂದಿನ ಅಕ್ಷರಾಭ್ಯಾಸ. ಬೇಕಾದರೆ ಮೊಬೈಲಿನ ಭಾಷೆಯನ್ನೇ ಕನ್ನಡಕ್ಕೆ ಬದಲಿಸಿಕೊಳ್ಳಬಹುದು. ನಮ್ಮ ಕನ್ನಡ ಸಂಘಗಳು ತಿಂಗಳಿಗೊಂದು ಭಾನುವಾರ, ಹೋಟೆಲುಗಳ ಮಧ್ಯಾಹ್ನದ ಬಿಡುವಿನಲ್ಲಿ, ಒಂದು ಗಂಟೆಯನ್ನು ಇದಕ್ಕಾಗಿ ಮೀಸಲಿಟ್ಟರೆ ದೊಡ್ಡ ಉಪಕಾರವಾದೀತು. ಬಲ್ಲ ಗುಮಾಸ್ತರು ಕಲಿಸಲಿ, ಕೋಣೆಗೊಬ್ಬ ಹುಡುಗ ಕಲಿತು ಬಂದು ಉಳಿದವರಿಗೆ ಹೇಳಿಕೊಡಲಿ. ಅನ್ಯರು 2,630 ಕೋಟಿ ಡಾಲರು ಕೊಟ್ಟು ಕೊಳ್ಳಬಯಸಿದ ಆಯ್ಕೆಯನ್ನು ನಾವು ಬಿಟ್ಟಿಯಾಗಿ ಬಿಟ್ಟುಕೊಡಬೇಕಾದ ಕಾರಣವಿಲ್ಲ.