ಕಲಿತದ್ದಕ್ಕೊಂದು ಜಮಾಪುಸ್ತಕ



ಮಕ್ತಲದ ವಾಚಕರೊಬ್ಬರು ಈ ಅಂಕಣಕ್ಕೆ ಒಂದು ಪ್ರಶ್ನೆಯನ್ನು ಕಳುಹಿಸಿದ್ದಾರೆ. ಅಮೆರಿಕದಲ್ಲಿರುವ ಅವರ ಸೋದರಳಿಯನೊಬ್ಬನು ಹಗಲೆಲ್ಲ ಅಂಗಡಿಯಲ್ಲಿ ದುಡಿದು, ರಾತ್ರಿ ಮನೆಯಲ್ಲಿಯೇ ಓದಿ, ಕಾಲೇಜಿನ ತರಗತಿಗಳಲ್ಲಿ ಹೆಚ್ಚು ಕುಳಿತುಕೊಳ್ಳದೆ, ಬಹುಮಟ್ಟಿಗೆ ಪರೀಕ್ಷೆಗಳ ಬಲದಿಂದಲೇ ಎರಡು ವರ್ಷದ ಪದವಿಯೊಂದನ್ನು ಪಡೆದನಂತೆ. "ಇದು ನಿಜವೇ? ನಿಜವಾದರೆ, ಶಾಲೆ ಬಿಟ್ಟು ಮನೆಯಲ್ಲುಳಿದ ನಮ್ಮ ಮಕ್ಕಳಿಗೂ ಇಂಥದೊಂದು ದಾರಿ ಉಂಟೇ?" ಎಂಬುದು ಅವರ ಪ್ರಶ್ನೆ. ನಾರಾಯಣಪೇಟೆ, ಮಕ್ತಲ, ಗದ್ವಾಲ ಕಡೆಯ ಅನೇಕ ಮನೆಗಳ ಒಳಗಿನ ಪ್ರಶ್ನೆಯೂ ಇದೇ ಆಗಿರುವುದರಿಂದ, ಈ ತಿಂಗಳು ಇದನ್ನೇ ಎತ್ತಿಕೊಳ್ಳುತ್ತೇವೆ.

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ: ಅದು ನಿಜ. ಅಮೆರಿಕದ ಕಾಲೇಜುಗಳಲ್ಲಿ ವಿದ್ಯೆಯನ್ನು 'ಕ್ರೆಡಿಟ್' ಎಂಬ ಅಳತೆಯಿಂದ ಅಳೆಯುತ್ತಾರೆ. ಇದನ್ನು ಸಹಕಾರ ಸಂಘದ ಪಾಸ್‌ಬುಕ್ಕಿಗೆ ಹೋಲಿಸಬಹುದು. ಒಂದು ವಿಷಯದಲ್ಲಿ ತೇರ್ಗಡೆಯಾದರೆ ಇಷ್ಟು ಕ್ರೆಡಿಟ್ ಎಂದು ವಿದ್ಯಾರ್ಥಿಯ ಹೆಸರಿಗೆ ಜಮಾ ಆಗುತ್ತದೆ. ಅಂಥ ಸುಮಾರು 60 ಕ್ರೆಡಿಟ್‌ಗಳು ಕೂಡಿದರೆ 'ಅಸೋಸಿಯೇಟ್ ಪದವಿ' ಎಂಬ ಎರಡು ವರ್ಷದ ಪದವಿ ದೊರೆಯುತ್ತದೆ. ಇಲ್ಲಿನ ವಿಶೇಷವೆಂದರೆ, ಈ ಜಮೆಯು ತರಗತಿಯಲ್ಲಿ ಕುಳಿತೇ ಬರಬೇಕೆಂಬ ನಿಯಮವಿಲ್ಲ. ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯು 1967ರಿಂದ ನಡೆಸುತ್ತಿರುವ 'ಕ್ಲೆಪ್' ಎಂಬ ಪರೀಕ್ಷೆಗಳುಂಟು. ಇವುಗಳಲ್ಲಿ 20ರಿಂದ 80ರವರೆಗಿನ ಮಾನದಲ್ಲಿ ಅಂಕ ಕೊಡುತ್ತಾರೆ; ಸಾಮಾನ್ಯವಾಗಿ 50 ಬಂದರೆ ಆ ವಿಷಯದ ಕ್ರೆಡಿಟ್ ಕೊಡಬಹುದೆಂದು ಶಿಫಾರಸು ಇರುತ್ತದೆ. ಎಲ್ಲಿ ಕಲಿತೆ, ಯಾರಿಂದ ಕಲಿತೆ ಎಂದು ಯಾರೂ ಕೇಳುವುದಿಲ್ಲ. ಮನೆಯಲ್ಲಿ ಸ್ಪ್ಯಾನಿಷ್ ಆಡುತ್ತ ಬೆಳೆದ ಹುಡುಗನು ಆ ಭಾಷೆಯ ಪರೀಕ್ಷೆ ಬರೆದರೆ, ತಾಯಿಯ ಬಾಯಿಂದ ಬಂದ ಮಾತಿಗೇ ಕಾಲೇಜಿನ ಜಮೆ ದೊರೆಯುತ್ತದೆ. ನ್ಯೂಯಾರ್ಕ್ ರಾಜ್ಯವು 1971ರಲ್ಲಿ, ನ್ಯೂಜೆರ್ಸಿ ರಾಜ್ಯವು 1972ರಲ್ಲಿ, ದುಡಿಯುವ ವಯಸ್ಕರಿಗಾಗಿ ಇಂಥ ಜಮೆಗಳನ್ನು ಕೂಡಿಸಿ ಪದವಿ ಕೊಡುವ ಸಂಸ್ಥೆಗಳನ್ನೇ ಆರಂಭಿಸಿದುವು.

ಆದರೆ ಅಲ್ಲಿಯೂ ಎಲ್ಲ ಕಾಲೇಜುಗಳೂ ಎಲ್ಲ ಜಮೆಯನ್ನೂ ಒಪ್ಪುವುದಿಲ್ಲ. ಪರೀಕ್ಷೆಗಳಿಂದ ಬಂದ ಕ್ರೆಡಿಟ್‌ಗಳಿಗೆ ಮಿತಿ ಹಾಕಿ, ಪದವಿಯ ಒಂದು ಪಾಲನ್ನಾದರೂ ತಮ್ಮಲ್ಲಿಯೇ ಕಲಿಯಬೇಕೆನ್ನುವ ಕಾಲೇಜುಗಳು ಅನೇಕ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದು ಬೇಕಾಗುತ್ತದೆ.

ಈ ಪದ್ಧತಿಯ ಮೂಲ ಅಮೆರಿಕವೂ ಅಲ್ಲ. 1858ರಲ್ಲಿಯೇ ಲಂಡನ್ ವಿಶ್ವವಿದ್ಯಾಲಯವು, ತನ್ನ ಅಂಗಸಂಸ್ಥೆಗಳಲ್ಲಿ ಓದದವರೂ ಪರೀಕ್ಷೆಗೆ ಕುಳಿತು ಪದವಿ ಪಡೆಯಬಹುದೆಂದು ಬಾಗಿಲು ತೆರೆಯಿತು. 1857ರಲ್ಲಿ ಸ್ಥಾಪಿತವಾದ ನಮ್ಮ ಕಲ್ಕತ್ತ, ಮುಂಬಯಿ, ಮದರಾಸು ವಿಶ್ವವಿದ್ಯಾಲಯಗಳೂ ಲಂಡನ್ನಿನ ಮಾದರಿಯಲ್ಲಿ ಮೊದಮೊದಲು ಪಾಠ ಹೇಳುವ ಸಂಸ್ಥೆಗಳಾಗಿರದೆ ಪರೀಕ್ಷೆ ನಡೆಸುವ ಸಂಸ್ಥೆಗಳೇ ಆಗಿದ್ದುವು. ಹಾಗೆ ನೋಡಿದರೆ ನಮ್ಮ ಹಿರಿಯರಿಗೂ ಇದು ಹೊಸದಲ್ಲ. ಗಾಂಧೀಜಿಯವರು 1918ರಲ್ಲಿ ಮದರಾಸಿನಲ್ಲಿ ಸ್ಥಾಪಿಸಿದ ದಕ್ಷಿಣ ಭಾರತ ಹಿಂದೀ ಪ್ರಚಾರ ಸಭೆಯ ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ ಪರೀಕ್ಷೆಗಳನ್ನು ಮನೆಯಲ್ಲಿ ಓದಿ ಬರೆದವರು ಎಷ್ಟು ಮಂದಿ! 1915ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಪ್ರವೇಶ, ಕಾವ, ಜಾಣ, ರತ್ನ ಎಂಬ ನಾಲ್ಕು ಮೆಟ್ಟಿಲುಗಳನ್ನು ಕಟ್ಟಿದ್ದೂ ಇದೇ ನಂಬಿಕೆಯಿಂದ. ಕಲಿತದ್ದು ಎಲ್ಲಿ ಎಂಬುದಕ್ಕಿಂತ, ಕಲಿತದ್ದು ಏನು ಎಂಬುದು ಮುಖ್ಯ.

ಇನ್ನು ಎರಡನೆಯ ಪ್ರಶ್ನೆ. ಅದಕ್ಕೆ ಮೊದಲು ನಮ್ಮ ಸ್ಥಿತಿಯನ್ನು ನೋಡಿಕೊಳ್ಳಬೇಕು. ಗದ್ವಾಲ, ಆಲಂಪುರ ತಾಲೂಕುಗಳು 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದುವು; ರಾಜ್ಯಗಳ ಪುನರ್ವಿಂಗಡಣೆಯಾದಾಗ ಆಂಧ್ರ ಪ್ರದೇಶಕ್ಕೆ ಸೇರಿದುವು; 2014ರಿಂದ ತೆಲಂಗಾಣದಲ್ಲಿವೆ. ಗಡಿಗೆರೆಗಳು ಹೀಗೆ ಸರಿದರೂ ಮನೆಗಳು ಸರಿಯಲಿಲ್ಲ. ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಅಡುಗೆಮನೆಯ ಮಾತು ಕನ್ನಡ, ಕಚೇರಿಯ ಮಾತು ತೆಲುಗು. ನಮ್ಮ ಮಕ್ಕಳು ಕನ್ನಡದಲ್ಲಿ ಅಕ್ಷರ ಕಲಿಯುತ್ತಾರೆ; ಮೇಲಿನ ತರಗತಿಗೆ ಬಂದಾಗ ಒಂದೋ ತೆಲುಗಿಗೆ ಹೊರಳಬೇಕು, ಒಂದೋ ಹೊಳೆ ದಾಟಿ ರಾಯಚೂರಿಗೆ ಹೋಗಬೇಕು. ಗಂಡುಮಗನನ್ನು ಕಳುಹಿಸುತ್ತಾರೆ. ಹೆಣ್ಣುಮಗಳು ಮನೆಯಲ್ಲಿ ಉಳಿಯುತ್ತಾಳೆ. ಮಗ್ಗದ ಮನೆಯಾದರೆ ಕಂಡಿಕೆ ಸುತ್ತುವ ಕೆಲಸ ಅವಳಿಗಾಗಿ ಕಾದೇ ಇರುತ್ತದೆ.

ನಮ್ಮ ಶಾಲೆಯಲ್ಲಿ ಮೊದಲ ಅಕ್ಷರ ತಿದ್ದಿದ ಇಂಥ ಒಬ್ಬ ಹೆಣ್ಣುಮಗಳು ಹತ್ತನೆಯ ತರಗತಿಯ ಪರೀಕ್ಷೆಗೆ ಎರಡು ಸಲ ಕುಳಿತಳು. ಎರಡು ಸಲವೂ ಗಣಿತದಲ್ಲಿ ಅನುತ್ತೀರ್ಣಳಾದಳು. ತಂದೆ ನಮ್ಮಲ್ಲಿಗೆ ಬಂದು, "ಮಾಸ್ತರ್ರೆ, ಇನ್ನ ಸಾಕ್ರಿ. ಗಣಿತ ಆಕಿ ಹಣೇದಾಗ ಬರದಿಲ್ಲ. ಒಂದು ವರ ನೋಡಿ ಮುಗಿಸಿಬಿಡ್ತೀವಿ" ಎಂದರು. ನಾವು ಕೇಳಿದೆವು: "ಗಣಿತ ಹೋಯಿತು, ಒಪ್ಪಿದೆವು. ಉಳಿದ ವಿಷಯಗಳಲ್ಲಿ ಪಾಸಾಗಿದ್ದಾಳಲ್ಲ, ಅವು ಎಲ್ಲಿ ಹೋದುವು?" ಅವರಲ್ಲಿ ಉತ್ತರವಿರಲಿಲ್ಲ. ನಮ್ಮ ಸಮಾಜದ ಬಳಿಯೂ ಬಹುಕಾಲ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಒಂದು ವಿಷಯ ಹೋದರೆ 'ಹತ್ತನೆಯದು ಫೇಲ್' ಎಂಬ ಒಂದೇ ಮಾತಿನಲ್ಲಿ ಹತ್ತು ವರ್ಷದ ಕಲಿಕೆಯನ್ನು ಅಳಿಸಿಬಿಡುತ್ತೇವೆ. ಸಾಲವನ್ನು ಮಾತ್ರ ಬರೆದುಕೊಂಡು ಜಮೆಯನ್ನು ಬರೆಯದ ಸಾಹುಕಾರನ ಲೆಕ್ಕ ಇದು.

ಈ ಜಮೆಯನ್ನು ಬರೆದುಕೊಳ್ಳುವ ಸಂಸ್ಥೆಗಳು ಈಗ ನಮ್ಮ ದೇಶದಲ್ಲಿಯೂ ಇವೆ. 1989ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯು, ಅಂದರೆ ಎನ್.ಐ.ಓ.ಎಸ್., ಹತ್ತು ಮತ್ತು ಹನ್ನೆರಡನೆಯ ತರಗತಿಗಳ ಪರೀಕ್ಷೆಗಳನ್ನು ನಡೆಸುತ್ತದೆ. 14 ವರ್ಷ ತುಂಬಿದವರು ಹತ್ತನೆಯದಕ್ಕೆ ಸೇರಬಹುದು. ಮೇಲಿನ ವಯೋಮಿತಿ ಇಲ್ಲ. ಐದು ವಿಷಯಗಳು ಸಾಕು. ಐದನ್ನೂ ಒಂದೇ ಸಲ ಬರೆಯಬೇಕಾಗಿಲ್ಲ. ಐದು ವರ್ಷಗಳಲ್ಲಿ ಒಂಬತ್ತು ಅವಕಾಶಗಳುಂಟು. ಪಾಸಾದ ವಿಷಯ ಪಾಸಾದದ್ದೇ. ಅದು ಹೆಸರಿನಲ್ಲಿ ಉಳಿಯುತ್ತದೆ. ಬೇರೆ ಮಾನ್ಯ ಮಂಡಲಿಯಲ್ಲಿ ಪಾಸಾಗಿದ್ದ ವಿಷಯಗಳಲ್ಲಿ ಎರಡನ್ನು, ನಿಯಮ ಮತ್ತು ಕಾಲಮಿತಿಗೆ ಒಳಪಟ್ಟು, ಇಲ್ಲಿಗೆ ವರ್ಗಾಯಿಸಿಕೊಳ್ಳಲೂಬಹುದು. ಗಣಿತ ಕಡ್ಡಾಯವಲ್ಲ. ಕನ್ನಡವು ಅಲ್ಲಿ ಒಂದು ಪರೀಕ್ಷಾ ವಿಷಯವಾಗಿದೆ ಎಂಬುದು ನಮಗೆ ಹೆಚ್ಚಿನ ಸಂತೋಷದ ಸಂಗತಿ. ಇದಲ್ಲದೆ ತೆಲಂಗಾಣ ಸರಕಾರದ್ದೇ ಆದ ಓಪನ್ ಸ್ಕೂಲ್ ಸೊಸೈಟಿಯೂ ಇದೆ.

ನಾವು ಹೇಳಿದ ಹುಡುಗಿ ಈ ದಾರಿಯನ್ನೇ ಹಿಡಿದಳು. ಕನ್ನಡ ಮತ್ತು ಸಮಾಜ ವಿಜ್ಞಾನ ಎರಡೂ ಹಳೆಯ ಅಂಕಪಟ್ಟಿಯಿಂದ ಜಮಾ ಆದುವು. ಅವಳ ಖಾತೆಯ ಮೊದಲ ಗೆರೆಯಲ್ಲಿ ಕೂತದ್ದು ತಾಯಿಯ ಭಾಷೆಯೇ. ಉಳಿದ ಮೂರರಲ್ಲಿ ಎರಡನ್ನು ಮೊದಲ ಸಲದಲ್ಲಿಯೇ ದಾಟಿದಳು. ಇನ್ನು ಒಂದಿದೆ. ಮನೆಯಲ್ಲಿ ವರನ ಮಾತು ನಿಂತಿಲ್ಲ. ಆದರೆ ಪರೀಕ್ಷೆಯ ತಿಂಗಳು ಕಳೆಯುವವರೆಗೆ ಮಾತು ಮುಂದೆ ಹೋಗಕೂಡದೆಂದು ತಾಯಿ ಹಟ ಹಿಡಿದಿದ್ದಾಳೆ. ಆ ತಾಯಿ ಸಹಿ ಹಾಕಲು ಕಲಿತದ್ದು ಮಗಳಿಂದ.

ಹನ್ನೆರಡನೆಯ ತರಗತಿ ದಾಟಿದವರಿಗೆ ಮುಂದಿನ ದಾರಿ ಇನ್ನೂ ಅಗಲ. ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ ಹುಟ್ಟಿದ್ದು ನಮ್ಮ ಹೈದರಾಬಾದಿನಲ್ಲಿ, 1982ರಲ್ಲಿ. ಇಂದು ಅದಕ್ಕೆ ಡಾ. ಅಂಬೇಡ್ಕರರ ಹೆಸರಿದೆ. 1985ರಲ್ಲಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಬಂದಿತು. 2021ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು 'ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್' ಎಂಬ ಏರ್ಪಾಡನ್ನು ಮಾಡಿತು. ಇದರಲ್ಲಿ ಹಣದ ಬದಲು ಕ್ರೆಡಿಟ್‌ಗಳನ್ನು ಇಡುತ್ತಾರೆ. ಸಾಮಾನ್ಯವಾಗಿ ಏಳು ವರ್ಷಗಳವರೆಗೆ ಅವು ಊರ್ಜಿತವಾಗಿರುತ್ತವೆ. ಹೊಸ ಪದ್ಧತಿಯನ್ನು ಅಂಗೀಕರಿಸಿದ ವಿದ್ಯಾಸಂಸ್ಥೆಗಳಲ್ಲಿ ಒಂದು ವರ್ಷದ ಸುಮಾರು 40 ಕ್ರೆಡಿಟ್‌ಗೆ ಸರ್ಟಿಫಿಕೇಟ್, ಎರಡು ವರ್ಷದ 80ಕ್ಕೆ ಡಿಪ್ಲೊಮಾ, ಮೂರು ವರ್ಷದ 120ಕ್ಕೆ ಪದವಿ ಎಂಬ ಲೆಕ್ಕವಿದೆ. ಈ ಎರಡು ವರ್ಷದ ಡಿಪ್ಲೊಮಾವೇ ಅಮೆರಿಕದ ಅಸೋಸಿಯೇಟ್ ಪದವಿಗೆ ನಮ್ಮಲ್ಲಿರುವ ಹತ್ತಿರದ ನೆಂಟ. 'ಸ್ವಯಂ' ಎಂಬ ಸರಕಾರಿ ಪಾಠಮಾಲೆಯನ್ನು ಮೊಬೈಲಿನಲ್ಲಿಯೇ ಕೇಳಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆದು, ಕಾಲೇಜು ಒಪ್ಪಿದರೆ ಶೇಕಡ 40ರವರೆಗೆ ಕ್ರೆಡಿಟ್‌ಗಳನ್ನು ಅಲ್ಲಿಂದಲೇ ತರಬಹುದು. ಆದರೆ ಒಂದು ವ್ಯತ್ಯಾಸವನ್ನು ಮುಚ್ಚಿಡಬಾರದು: ಮಕ್ತಲದ ವಾಚಕರ ಅಳಿಯನಂತೆ ಬಹುಪಾಲು ಪರೀಕ್ಷೆಗಳಿಂದಲೇ ಪದವಿಯನ್ನು ಕಟ್ಟಿಕೊಳ್ಳುವಷ್ಟು ಸರಾಗವಾದ ಏರ್ಪಾಡು ನಮ್ಮಲ್ಲಿಲ್ಲ. ಎಲ್ಲಿಯಾದರೂ ಹೆಸರು ನೋಂದಾಯಿಸಿ, ಅಲ್ಲಿನ ನಿಯಮದಂತೆ ಓದಲೇಬೇಕು.

ನೇಕಾರ ಬಂಧುಗಳಿಗೆ ಒಂದು ಮಾತು. ಹಿಂದೊಮ್ಮೆ ಆಗಸ್ಟ್ 7ರ ಕೈಮಗ್ಗ ದಿನದಂದು ಕೇಂದ್ರ ಜವಳಿ ಸಚಿವಾಲಯವು ರಾಷ್ಟ್ರೀಯ ಮುಕ್ತ ಶಾಲೆ ಮತ್ತು ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯಗಳೊಡನೆ ಒಪ್ಪಂದ ಮಾಡಿಕೊಂಡಿತು. ನೇಕಾರ ಕುಟುಂಬಗಳ ಮಹಿಳೆಯರಿಗೆ, ಪರಿಶಿಷ್ಟರಿಗೆ ಮತ್ತು ಬಡತನದ ರೇಖೆಗಿಂತ ಕೆಳಗಿರುವವರಿಗೆ ಶುಲ್ಕದ ಮುಕ್ಕಾಲು ಪಾಲನ್ನು ಭರಿಸುವ ಏರ್ಪಾಡು ಅದರಲ್ಲಿತ್ತು. ನಾರಾಯಣಪೇಟೆ, ಗದ್ವಾಲಗಳ ಸೀರೆಯನ್ನು ದೇಶವೇ ಉಡುತ್ತದೆ. ಅದನ್ನು ನೇಯುವ ಮನೆಯ ಮಕ್ಕಳು ಈ ಸೌಲಭ್ಯ ಇಂದು ಯಾವ ರೂಪದಲ್ಲಿದೆಯೆಂದು ಕೈಮಗ್ಗ ಇಲಾಖೆಯ ಕಚೇರಿಯಲ್ಲಿ ವಿಚಾರಿಸದೆ ಇರಬಾರದು.

ಈಗ ಎಚ್ಚರಿಕೆಯ ಮಾತು. ದುಡ್ಡು ಕಟ್ಟುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಲೇಬೇಕು. ಒಂದು, ಈ ಪರೀಕ್ಷೆಯನ್ನು ನಡೆಸುವವರಿಗೆ ಮಾನ್ಯತೆ ಕೊಟ್ಟವರು ಯಾರು? ಎರಡು, ನಾಳೆ ನಾವು ಸೇರಬೇಕೆಂದಿರುವ ಕಾಲೇಜು ಅಥವಾ ಬಯಸುವ ನೌಕರಿ ಈ ಪ್ರಮಾಣಪತ್ರವನ್ನು ಒಪ್ಪುತ್ತದೆಯೇ? ಮೂರು, ಗಡಿಯ ಈಚೆಗಿರುವ ನಮಗೂ ಅದು ಅನ್ವಯಿಸುತ್ತದೆಯೇ? ಮೂರನೆಯದನ್ನು ಗಡಿನಾಡಿನವರು ಎಂದಿಗೂ ಮರೆಯಬಾರದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವು ತನ್ನ ರಾಜ್ಯದ ಎಲ್ಲೆಯ ಹೊರಗೂ ಶಿಕ್ಷಣಕ್ರಮಗಳನ್ನು ನಡೆಸಿತೆಂಬುದೇ ಮೊದಲಾದ ಕಾರಣಗಳಿಂದ, 2013-14ರಿಂದ ಅದಕ್ಕೆ ಮಾನ್ಯತೆಯಿಲ್ಲವೆಂದು ಅನುದಾನ ಆಯೋಗವು 2015ರಲ್ಲಿ ಪ್ರಕಟಿಸಿತು. 2018ರಲ್ಲಿ ಮಾನ್ಯತೆ ಮರಳಿತು. ನಡುವಿನ ವರ್ಷಗಳಲ್ಲಿ ಓದಿದ ವಿದ್ಯಾರ್ಥಿಗಳು ಪಟ್ಟ ಕಳವಳವನ್ನು ವಿವರಿಸಬೇಕಾಗಿಲ್ಲ. ವಿದ್ಯೆಗೆ ಗಡಿಯಿಲ್ಲ, ಪ್ರಮಾಣಪತ್ರಕ್ಕೆ ಉಂಟು.

ಹಾಗೆಯೇ ಗಣಿತವನ್ನು ಬಿಟ್ಟು ಹತ್ತನೆಯದನ್ನು ದಾಟಿದವರಿಗೆ ಮುಂದೆ ಪಾಲಿಟೆಕ್ನಿಕ್ ಮೊದಲಾದ ಕೆಲವು ಬಾಗಿಲುಗಳು ಮುಚ್ಚಿರುತ್ತವೆ; ಅದನ್ನು ತಿಳಿದೇ ವಿಷಯಗಳನ್ನು ಆರಿಸಬೇಕು. ಯಾವ ವಿಷಯ ಯಾವ ಮಾಧ್ಯಮದಲ್ಲಿ ದೊರೆಯುತ್ತದೆ ಎಂಬುದನ್ನೂ ಸೇರುವ ಮೊದಲೇ ಕೇಳಬೇಕು. ಪರಿಷತ್ತಿನ ಕಾವ, ಜಾಣ ಪರೀಕ್ಷೆಗಳು ನಮ್ಮ ಭಾಷೆಗೆ ಗೌರವ ತರುತ್ತವೆ. ಅವನ್ನು ಬರೆಯಿರಿ ಎಂದು ಎಲ್ಲರಿಗೂ ಹೇಳುತ್ತೇವೆ. ಆದರೆ ಭಾಷೆಯ ಪರೀಕ್ಷೆಯು ಪೂರ್ಣ ಪದವಿಗೆ ಬದಲಾಗಿ ನಿಲ್ಲುವುದಿಲ್ಲ. "ಓದದಿದ್ದರೂ ಪಾಸು ಮಾಡಿಸಿಕೊಡುತ್ತೇವೆ" ಎನ್ನುವ ದಲ್ಲಾಳಿಗಳಂತೂ ಮನೆಯ ಹೊಸ್ತಿಲು ತುಳಿಯಕೂಡದು. ಕಲಿತದ್ದಕ್ಕೆ ಜಮೆ ಎಂಬುದೇ ಈ ಪದ್ಧತಿಯ ಜೀವ. ಕಲಿಯದೆಯೇ ಜಮೆ ಬರೆಸಿಕೊಂಡರೆ ಪ್ರಾಮಾಣಿಕವಾಗಿ ಓದಿ ಬರೆದ ಬಡ ಹುಡುಗಿಯ ಪತ್ರಕ್ಕೂ ಬೆಲೆಯಿಲ್ಲದಂತಾಗುತ್ತದೆ.

ಬಿ.ಎಡ್. ಪಾಠಗಳಲ್ಲಿ ನಮಗೆ ಕಲಿಸಿದ ಒಂದು ತತ್ತ್ವವಿದೆ: ಪರೀಕ್ಷೆಯು ಮಗುವಿಗೆ ಏನು ಬಾರದು ಎಂಬುದನ್ನಲ್ಲ, ಏನು ಬಲ್ಲದು ಎಂಬುದನ್ನು ಮೊದಲು ಕಂಡುಹಿಡಿಯಬೇಕು. ಮೂರು ದಶಕ ಪಾಠ ಹೇಳಿದ ಮೇಲೂ ಇದಕ್ಕಿಂತ ದೊಡ್ಡ ತತ್ತ್ವ ನಮಗೆ ಕಂಡಿಲ್ಲ. ಆದರೆ ಮನೆಯಲ್ಲಿ ಕುಳಿತು ಓದುವವರಿಗೆ ಘಂಟೆಯಿಲ್ಲ, ಗುರುವಿಲ್ಲ, ಪಕ್ಕದಲ್ಲಿ ಗೆಳತಿಯಿಲ್ಲ. ಆ ಕೊರತೆಯನ್ನು ಮನೆಯವರೇ ತುಂಬಬೇಕು. ದಿನಕ್ಕೆ ಒಂದು ತಾಸು, ಅದೇ ಹೊತ್ತಿಗೆ, ಅದೇ ಮೂಲೆಯಲ್ಲಿ ಓದಲು ಬಿಡಬೇಕು. ಆ ತಾಸಿನಲ್ಲಿ ಟಿ.ವಿ. ಇರಬಾರದು, "ನೀರು ತಾ" ಎಂಬ ಕೂಗೂ ಇರಬಾರದು. ಪರೀಕ್ಷಾ ಶುಲ್ಕಕ್ಕಿಂತ ಈ ಒಂದು ತಾಸೇ ನಮ್ಮ ಹೆಣ್ಣುಮಕ್ಕಳಿಗೆ ದುಬಾರಿಯಾಗಿದೆ.

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ತಿಂಗಳು ಪ್ರತಿಯೊಂದು ಮನೆಯವರೂ ಪೆಟ್ಟಿಗೆಯ ತಳದಲ್ಲಿರುವ ಹಳೆಯ ಅಂಕಪಟ್ಟಿಗಳನ್ನು ಒಮ್ಮೆ ಹೊರತೆಗೆಯಲಿ. ಮಗಳದು, ಸೊಸೆಯದು, ಅರ್ಧಕ್ಕೆ ಬಿಟ್ಟು ಹೈದರಾಬಾದಿಗೆ ಕೂಲಿಗೆ ಹೋದ ತಮ್ಮನದು, ಎಲ್ಲವನ್ನೂ ನೋಡಲಿ. ಕೆಂಪು ಶಾಯಿಯ ಗೆರೆಯನ್ನು ಆಮೇಲೆ ನೋಡೋಣ. ಪಾಸಾದ ವಿಷಯಗಳು ಯಾವುವೆಂದು ಒಂದು ಹಾಳೆಯಲ್ಲಿ ಬರೆದುಕೊಂಡು, ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯರ ಬಳಿ ಹೋಗಿರಿ. ಉಳಿದ ಲೆಕ್ಕವನ್ನು ಅವರೊಡನೆ ಕುಳಿತು ಮಾಡಬಹುದು.