ಘನತೆಯ ಹೆಸರಿನಲ್ಲಿ ನಗೆಯನ್ನು ಹೊರಗಿಡಬೇಡಿ

ನವೆಂಬರ್ ಸಮೀಪಿಸುತ್ತಿದ್ದಂತೆ ಕರಾಮದ ಹಲವು ಮನೆಗಳಲ್ಲಿ ರಾಜ್ಯೋತ್ಸವದ ವೃಂದಗಾನದ ತಾಲೀಮು ಮೊದಲಾಗುತ್ತದೆ. ಹಾಡುಗಳ ಪಟ್ಟಿ ಮಾತ್ರ ವರ್ಷ ವರ್ಷವೂ ಬಹುಮಟ್ಟಿಗೆ ಒಂದೇ: ನಾಡಗೀತೆ, ನಾಡುನುಡಿಯನ್ನು ಕೊಂಡಾಡುವ ಎರಡು ಭಾವಗೀತೆ, ಒಂದು ವಚನ, ಒಂದು ದಾಸರ ಪದ. ಇವೆಲ್ಲವೂ ನಮಗೆ ಪ್ರಿಯವಾದವುಗಳೇ. ಯಾವುದನ್ನೂ ಕೈಬಿಡಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಒಂದು ಹಾಸ್ಯಗೀತೆಯನ್ನೂ ಸೇರಿಸೋಣವೆಂದು ಯಾರಾದರೂ ಸೂಚಿಸಿದರೆ ಸಿದ್ಧ ಉತ್ತರವೊಂದು ಕಾದಿರುತ್ತದೆ: “ಅದು ವೇದಿಕೆಯ ಘನತೆಗೆ ತಕ್ಕುದಲ್ಲ.” ಈ ಉತ್ತರವನ್ನು ನಾವು ಒಪ್ಪಲಾರೆವು.

ಮೊದಲಿಗೆ, ಅದೇ ಸಂಜೆ ಅದೇ ವೇದಿಕೆಯ ಮೇಲೆ ಮುಂದೇನು ನಡೆಯುತ್ತದೆಂಬುದನ್ನು ನೆನೆಯಿರಿ. ವೃಂದಗಾನ ಮುಗಿದ ಅರ್ಧ ಗಂಟೆಯೊಳಗೆ ಧ್ವನಿಮುದ್ರಿತ ಚಿತ್ರಗೀತೆಗೆ ಕುಣಿತವಿರುತ್ತದೆ. ಹುಬ್ಬಳ್ಳಿಯ ನುಡಿಯನ್ನೋ ಮಂಗಳೂರಿನ ನುಡಿಯನ್ನೋ ಅಣಕಿಸಿ ಚಪ್ಪಾಳೆ ಗಿಟ್ಟಿಸುವ ಕಿರುಪ್ರಹಸನವಿರುತ್ತದೆ. ಆಗ ಘನತೆಯ ಮಾತೆತ್ತುವವರು ಯಾರೂ ಇಲ್ಲ. ಅಂದರೆ ನಾವು ನಗೆಯನ್ನು ಹೊರಗಿಟ್ಟಿಲ್ಲ; ಒಳ್ಳೆಯ ನಗೆಯನ್ನು ಹೊರಗಿಟ್ಟು ಅಗ್ಗದ ನಗೆಗೆ ಮಣೆ ಹಾಕಿದ್ದೇವೆ.

ನಾವು ವಾಸಿಸುವ ಈ ಬಡಾವಣೆಯ ಹೆಸರಿಗೆ ಅರಬ್ಬಿಯಲ್ಲಿ ಘನತೆಯೆಂದೇ ಅರ್ಥ. ಆದುದರಿಂದ ಈ ಪದವನ್ನು ಸ್ವಲ್ಪ ತೂಗಿ ನೋಡುವುದು ಒಳಿತು. ಕನ್ನಡದಲ್ಲಿ ನಗೆಯ ಹಾಡುಗಳನ್ನು ಕಟ್ಟಿದವರ ಘನತೆಗೆ ಕುಂದು ಬಂದಿತೇ? ಟಿ. ಪಿ. ಕೈಲಾಸಂ 1945ರಲ್ಲಿ ಮದರಾಸಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಜಿ. ಪಿ. ರಾಜರತ್ನಂ 1978ರಲ್ಲಿ ದೆಹಲಿಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಎರಡೂ ಸಮ್ಮೇಳನಗಳು ನಡೆದದ್ದು ಹೊರನಾಡ ಕನ್ನಡಿಗರ ನಡುವೆ ಎಂಬುದನ್ನೂ ಗಮನಿಸಬೇಕು. ಕನ್ನಡದ ಅತ್ಯುನ್ನತ ಪೀಠವೇರಿದವರ ಹಾಡು ನಮ್ಮ ಸಭಾಂಗಣದ ವೇದಿಕೆಗೆ ತಕ್ಕುದಲ್ಲವೇ?

ಇನ್ನೊಂದು ಆಕ್ಷೇಪಣೆಯಿದೆ: ‘ರತ್ನನ ಪದಗಳು’ ಹೆಂಡಕುಡುಕನ ಬಾಯಿಯ ಮಾತುಗಳು, ಮಕ್ಕಳ ಮುಂದೆ ಬೇಡ. ವೈದ್ಯವೃತ್ತಿಯಲ್ಲಿರುವ ನಾವು ಮದ್ಯದ ಕೇಡನ್ನು ಹತ್ತಿರದಿಂದ ಕಂಡವರು. ಅದನ್ನು ಕೊಂಡಾಡುವ ಹಾಡನ್ನು ಮಕ್ಕಳಿಗೆ ಕಲಿಸೆಂದು ಎಂದಿಗೂ ಹೇಳೆವು. ಆ ಸಂಗ್ರಹದಲ್ಲಿ ಆಯ್ದು ಹಾಡಬೇಕಾದುದು ನಿಜ. ಆದರೆ ಪ್ರತಿ ರಾಜ್ಯೋತ್ಸವದಲ್ಲಿ ನಾವು ಎದೆಯುಬ್ಬಿಸಿ ಹಾಡುವ ಕನ್ನಡಾಭಿಮಾನದ ಪದವೊಂದು ಅದೇ ರತ್ನನದು. ಅದನ್ನು ಹಾಡುವಾಗ ಅವನ ಹೆಂಡ ನಮಗೆ ಅಡ್ಡಿಯಾಗದು. ಅವನು ನಗಿಸಿದಾಗ ಮಾತ್ರ ಅಡ್ಡಿಯಾಗುತ್ತದೆ. ಇದು ಯಾವ ನ್ಯಾಯ?

ನಮ್ಮ ನಿಜವಾದ ಚಿಂತೆ ಮಕ್ಕಳದು. ಇಲ್ಲಿ ಬೆಳೆಯುವ ನಮ್ಮ ಮಕ್ಕಳಲ್ಲಿ ಅನೇಕರು ಸಾಹಿತ್ಯವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ನಾಡನ್ನು ಹೊಗಳುವ ಗೀತೆಯನ್ನು ಒಂದು ಪದದ ಅರ್ಥವೂ ತಿಳಿಯದೆ ಶ್ರುತಿಬದ್ಧವಾಗಿ ಹಾಡಿ ಮುಗಿಸಬಹುದು. ಸಭೆಗೆ ಗೊತ್ತಾಗುವುದೇ ಇಲ್ಲ. ನಗೆಯ ಹಾಡಿನಲ್ಲಿ ಆ ಅನುಕೂಲವಿಲ್ಲ. ಅರ್ಥವಾಗದವನು ಒತ್ತಬೇಕಾದ ಪದವನ್ನು ಒತ್ತುವುದಿಲ್ಲ, ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ, ಸಭೆ ನಗುವುದಿಲ್ಲ. ಆದುದರಿಂದ ಕಲಿಸುವವರು ಅರ್ಥವನ್ನು ಬಿಡಿಸಿ ಹೇಳಲೇಬೇಕಾಗುತ್ತದೆ, ಮಗು ಕೇಳಲೇಬೇಕಾಗುತ್ತದೆ. ಒಂದು ಭಾಷೆಯಲ್ಲಿ ನಗಲು ಬಾರದವನಿಗೆ ಆ ಭಾಷೆ ಬಂದಿತೆಂದು ಹೇಳುವುದು ಕಷ್ಟ.

ಹಾಗಾದರೆ ಏನನ್ನು ಆರಿಸಬೇಕು? ಕೈಲಾಸಂ ಅವರ ‘ಕೋಳಿಕೆ ರಂಗ’ವನ್ನೇ ನೋಡಿ. ಕಾನ್‌ಸ್ಟಾಂಟಿನೋಪಲ್ ಎಂಬ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹಾಡುವ ಇಂಗ್ಲಿಷ್ ಹಾಡಿನ ಜಾಡಿನಲ್ಲಿ ಹುಟ್ಟಿದ ಈ ಗೀತೆ ಹಳ್ಳಿಯವನೊಬ್ಬನ ಹೆಸರನ್ನು ಕನ್ನಡ ಅಕ್ಷರಗಳಲ್ಲಿ ಬಿಡಿಸುತ್ತದೆ. ಒಂದೊಂದು ಅಕ್ಷರವನ್ನು ಒಂದೊಂದು ಗುಂಪಿಗೆ ಹಂಚಿದರೆ ವೃಂದಗಾನಕ್ಕೆ ಇದಕ್ಕಿಂತ ತಕ್ಕ ಆಟವಿಲ್ಲ; ಮಕ್ಕಳಿಗೆ ಕಾಗುಣಿತವೂ ಕೈಗೆ ಬರುತ್ತದೆ. ಅವರದೇ ‘ತಿಪ್ಪಾರಹಳ್ಳಿ’ಯ ಹಾಡು 1912ರ ‘ಟಿಪ್ಪರರಿ’ ಗೀತೆಯ ಧಾಟಿಯದು. ಮೂಲದಲ್ಲಿ ಲಂಡನ್ನಿಗೆ ಬಂದ ಐರಿಷ್ ಮನುಷ್ಯನೊಬ್ಬನಿಗೆ ಊರಿನ ನೆನಪು. ನಗಿಸುತ್ತಲೇ ಮನಸ್ಸನ್ನು ಕಲಕುವ ಹಾಡು. ಊರು ಬಿಟ್ಟು ಬಂದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಶಿಶುನಾಳ ಶರೀಫರ ಕೋಡಗ–ಕೋಳಿಯ ತತ್ತ್ವಪದವೂ ಇದೆ: ಮಗುವಿಗೆ ಅದು ತಲೆಕೆಳಗಾದ ಲೋಕದ ತಮಾಷೆ, ಅಜ್ಜನಿಗೆ ವೇದಾಂತ. ಒಂದೇ ಸಾಲಿನ ಕುರ್ಚಿಗಳಲ್ಲಿ ಇಬ್ಬರೂ ಬೇರೆ ಬೇರೆ ಕಾರಣಕ್ಕೆ ಮುಗುಳ್ನಗುವ ಹಾಡು ನಮಗೆ ಇನ್ನೆಲ್ಲಿ ದೊರಕೀತು?

ಹೊಸದನ್ನು ಕಟ್ಟಲೂ ಅವಕಾಶವಿದೆ. 1930ರಲ್ಲಿ ಎರ್ನ್ಸ್ಟ್ ಟಾಖ್ ಎಂಬ ಸಂಗೀತಗಾರ ಬರ್ಲಿನ್‌ನಲ್ಲಿ ‘ಜಿಯಾಗ್ರಫಿಕಲ್ ಫ್ಯೂಗ್’ ಎಂಬ ರಚನೆಯನ್ನು ಕೇಳಿಸಿದನು. ಅದರಲ್ಲಿ ರಾಗವಿಲ್ಲ, ವೃಂದವು ಊರು, ನದಿ, ಸರೋವರಗಳ ಹೆಸರುಗಳನ್ನು ಲಯಬದ್ಧವಾಗಿ ಒಂದರ ಬೆನ್ನಿಗೊಂದರಂತೆ ನುಡಿಯುತ್ತದೆ. ಕೊನ್ನಕ್ಕೋಲಿನ ಪರಂಪರೆಯುಳ್ಳ ನಮಗೆ ಇದು ಅಸಾಧ್ಯವೇ? ಗದಗ, ಬೀದರ, ಕುಂದಾಪುರ, ಚಿಕ್ಕಬಳ್ಳಾಪುರ, ಕಾಸರಗೋಡು: ಪ್ರತಿ ಕುಟುಂಬವೂ ತನ್ನ ಊರಿನ ಹೆಸರನ್ನು ತಾಳಕ್ಕೆ ಕೂರಿಸಲಿ. ಹಾಡಲು ಬಾರದೆಂದು ಹಿಂದೆ ಸರಿಯುವ ತಂದೆಯರೂ ಇದರಲ್ಲಿ ನಿಲ್ಲಬಹುದು.

ಹಾಸ್ಯಗೀತೆಯ ಪಕ್ಷದವರೊಡನೆಯೂ ನಮಗೆ ತಕರಾರಿದೆ. ನಗೆಯ ಹೆಸರಿನಲ್ಲಿ ಏನನ್ನಾದರೂ ಹಾಡಬಹುದೆಂಬುದು ತಪ್ಪು. ಹೆಂಡತಿಯನ್ನು, ಮೈಬಣ್ಣವನ್ನು, ದಪ್ಪ ದೇಹವನ್ನು, ಇನ್ನೊಂದು ಜಿಲ್ಲೆಯ ನುಡಿಯನ್ನು ಹೀಯಾಳಿಸುವ ಹಾಡನ್ನು ಪಟ್ಟಿಯ ಹತ್ತಿರವೂ ಸೇರಿಸಕೂಡದು. ಗ್ರಾಮ್ಯನುಡಿಯ ಹಾಡನ್ನು ಆರಿಸಿದರೆ ಆ ನುಡಿಯನ್ನು ಮನೆಯಲ್ಲಿ ಆಡುವವರೇ ಉಚ್ಚಾರಣೆಯನ್ನು ಕಲಿಸಲಿ. ಆಗ ಅದು ಅಣಕವಾಗದೆ ಗೌರವವಾಗುತ್ತದೆ. ಟೋಪಿ, ಮೀಸೆ, ಕೋಲುಗಳಿಲ್ಲದೆ ನಗಿಸಲಾರದ ಹಾಡು ವೃಂದಗಾನಕ್ಕೆ ಸಲ್ಲದು. ಪದಗಳು ಕೊನೆಯ ಸಾಲಿನವರೆಗೂ ಸ್ಪಷ್ಟವಾಗಿ ಕೇಳಿಸಬೇಕು, ಆದುದರಿಂದ ವೇಗ ಮಿತವಾಗಿರಲಿ, ವಾದ್ಯ ಮೆಲುವಾಗಿರಲಿ. ಹಾಡುವವರು ನಗಬಾರದು. ನಗುವಾಗ ವಪೆ ತನ್ನಿಷ್ಟಕ್ಕೆ ಕುಣಿಯುತ್ತದೆ, ಉಸಿರು ತುಂಡಾಗುತ್ತದೆ, ಸ್ವರ ನಿಲ್ಲುವುದಿಲ್ಲ. ಗಂಭೀರ ಮುಖದಿಂದ ಹಾಡುವ ನಲವತ್ತು ಜನರೇ ಅರ್ಧ ಹಾಸ್ಯ. ಇದಕ್ಕೆ ಬೇಕಾದ ತಾಲೀಮು ಭಾವಗೀತೆಯ ತಾಲೀಮಿಗಿಂತ ಹೆಚ್ಚೇ ಹೊರತು ಕಡಿಮೆಯಲ್ಲ.

ಕಾಲಾವಕಾಶವಿಲ್ಲವೆಂಬ ಮಾತೂ ನಿಲ್ಲದು. 2022ರ ಸರ್ಕಾರಿ ಆದೇಶದ ಮೇರೆಗೆ ನಾಡಗೀತೆಗೆ ಬೇಕಾಗುವುದು ಎರಡೂವರೆ ನಿಮಿಷ. ವೃಂದಗಾನಕ್ಕೆ ಇಪ್ಪತ್ತು ನಿಮಿಷ ಸಿಕ್ಕರೂ ಮೂರು ನಿಮಿಷದ ನಗೆಗೆ ಸ್ಥಳವಿದೆ. ಅದನ್ನು ಜನರು ಊಟಕ್ಕೆ ಏಳುವ ಕೊನೆಯ ಗಳಿಗೆಗೆ ತಳ್ಳದೆ ಕಾರ್ಯಕ್ರಮದ ನಡುವೆಯೇ ಇರಿಸಬೇಕು.

ನಮ್ಮ ಬೇಡಿಕೆ ಇಷ್ಟೇ. ಈ ವರ್ಷದ ಪಟ್ಟಿಯಲ್ಲಿ ಒಂದು ಹಾಸ್ಯಗೀತೆಯಿರಲಿ; ಅದನ್ನು ಮಕ್ಕಳೂ ಹಿರಿಯರೂ ಒಟ್ಟಾಗಿ ಹಾಡಲಿ. ಆಯ್ಕೆಯ ಸಭೆಗೆ ಬರುವ ಸದಸ್ಯರು ತಮಗೆ ತಿಳಿದ ಒಂದೊಂದು ಹಾಡಿನ ಸಾಹಿತ್ಯವನ್ನು ಕನ್ನಡ ಅಕ್ಷರಗಳಲ್ಲಿಯೇ ಬರೆದು ತರಬೇಕೆಂದು ಕೋರುತ್ತೇವೆ.